ಯಾರೂ ಕೈ ಹಾಕದ ಹಲಗೆ

ಎಲ್‌ರಾಯ್ ಜಾಸ್ಟ್ರೋ ಮೂವತ್ತೆಂಟು ವರ್ಷ ನಮ್ಮೂರಿನ ಚೀಸ್ ಕಾರ್ಖಾನೆಯಲ್ಲಿ ದುಡಿದ. ಅಷ್ಟು ವರ್ಷದಲ್ಲಿ ಅವನು ಮಾಡಿದ ಚೀಸನ್ನು ಸಾಲಾಗಿ ಇಡುತ್ತಾ ಹೋದರೆ ಮಿಲ್ವಾಕಿ ಮುಟ್ಟುತ್ತದೆ ಎಂದು ನನ್ನ ಗಂಡ ಮೈಲೋ ಹೇಳುತ್ತಾನೆ. ಮೈಲೋ ವರ್ಷಕ್ಕೆ ಹತ್ತು ಮಾತಾಡುವ ಆಸಾಮಿ, ಅದರಲ್ಲಿ ಇದೂ ಒಂದು, ಹಾಗಾಗಿ ನಾನು ನಂಬುತ್ತೇನೆ. ಆದರೆ ಇಷ್ಟೆಲ್ಲ ಚೀಸ್ ಮಾಡಿದ ಮನುಷ್ಯ ತನ್ನ ಮನೆಗೆ ಬಂದವರ ಮುಂದೆ ಒಂದು ತಟ್ಟೆ ಚೀಸ್ ತಂದಿಟ್ಟವನಲ್ಲ. ಅದು ಅವನ ಹೆಂಡತಿ ಇನೆಜ್‌ಳ ಇಲಾಖೆ. ಇವನ ಕೈಗೆ ಚಾಕು ಕೊಟ್ಟರೆ ಪರೀಕ್ಷೆಗೆ ಕಳಿಸುವವನ ಹಾಗೆ ಅಳೆದು ಅಳೆದು ಕತ್ತರಿಸುತ್ತಾನೆ, ಅಷ್ಟರಲ್ಲಿ ಬಂದವರು ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾರೆ ಎಂದು ಅವಳು ಅವನನ್ನು ಅಡುಗೆಮನೆಯಿಂದ ಅಟ್ಟುತ್ತಿದ್ದಳು.

ಇನೆಜ್ ಕಳೆದ ವಸಂತದಲ್ಲಿ, ಹಿಮ ಇನ್ನೇನು ಕರಗಬೇಕು ಅನ್ನುವಾಗ, ತೀರಿಕೊಂಡಳು.

ನಮ್ಮದೊಂದು ಇಸ್ಪೀಟ್ ಕೂಟ ಇದೆ. ನಾವಿಬ್ಬರು, ಎಲ್‌ರಾಯ್ ಮತ್ತು ಇನೆಜ್, ಜಾಯ್ಸ್ ಮತ್ತವಳ ಗಂಡ, ನೋವಾಕ್ ಮತ್ತು ಪೆಟ್ರಾ, ಹೀಗೆ ನಾಲ್ಕು ದಂಪತಿ, ಎರಡು ಮೇಜು, ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ಸರದಿಯಂತೆ ಒಂದೊಂದು ತಿಂಗಳು ಒಂದೊಂದು ಮನೆಯಲ್ಲಿ. ಮೂವತ್ತೊಂದು ವರ್ಷದಿಂದ ಹೀಗೇ ನಡೆದಿದೆ. ಯಾರಿಗೆ ಆಪರೇಷನ್ನು, ಯಾರ ಮಗಳ ಮದುವೆ ಮುರಿಯಿತು, ಯಾರ ಹಸು ಎಷ್ಟು ಕರು ಹಾಕಿತು, ಎಲ್ಲವೂ ನಮಗೆ ಗೊತ್ತಾಗುವುದು ಆ ಮೇಜಿನ ಸುತ್ತಲೇ. ಇನೆಜ್ ಹೋದ ಮೇಲೆ ನಾವು ಏಳಾದೆವು. ಏಳು ಜನಕ್ಕೆ ನಮ್ಮ ಆಟ ಕೂರುವುದಿಲ್ಲ. ಒಂದು ಮೇಜಿನಲ್ಲಿ ನಾಲ್ವರು ಸರಿಯಾಗಿ ಆಡಿದರೆ ಇನ್ನೊಂದರಲ್ಲಿ ಮೂವರು ಏನೋ ಒಂದು ಆಡಿ ಹೊತ್ತು ಕಳೆಯಬೇಕು. ಜಾಯ್ಸ್‌ಗೆ ಈ ಮೂವರ ಆಟ ಕಂಡರೆ ಆಗದು. ವರ್ಷದ ಸರದಿ ಪಟ್ಟಿ ಬರೆಯುವವಳು ಅವಳೇ, ಹಾಗಾಗಿ ಅವಳಿಗೆ ಆಗದ್ದು ನಮಗ್ಯಾರಿಗೂ ಆಗುವ ಹಾಗಿಲ್ಲ.

ನವೆಂಬರಿನಲ್ಲಿ ಅವಳು ಫೋನ್ ಮಾಡಿದಳು.

"ಆರ್ಡಿಸ್, ಕೋಲ್ ಗಂಡ ಹೆಂಡ್ತಿ ನಮ್ ಕೂಟಕ್ಕೆ ಸೇರ್ಕೋತಾರಂತೆ ಕಣೇ. ಮತ್ತೆ ಎಂಟಾಗುತ್ತೆ."

"ಎಲ್‌ರಾಯ್‌ನ ಸೇರಿಸ್ಕೊಂಡ್ರೆ ಒಂಬತ್ತು," ಅಂದೆ.

"ಅದನ್ನೇ ಹೇಳ್ತಿರೋದು. ಪಾಪ, ಅವನಿಗೂ ಕಷ್ಟ ಅಲ್ವಾ. ಒಂಟಿ ಗಂಡಸು. ಮನೆಗೆ ಜನ ಬಂದ್ರೆ ಏನ್ ಮಾಡ್ತಾನೆ, ಚಿಪ್ಸ್ ಪೊಟ್ಟಣ ಹರಿದು ಮುಂದಿಡ್ತಾನೆ. ಆಗಸ್ಟ್ ಸರದಿ ಅವನ ಬದ್ಲು ನಾನೇ ಮಾಡಿದೆ. ಡಿಸೆಂಬರ್ ಅವನದ್ದು, ನೋಡೋಣ. ಆಗ್ಲಿಲ್ಲ ಅಂದ್ರೆ ಹೊಸ ವರ್ಷದ ಪಟ್ಟಿಯಿಂದ ಬಿಟ್ಬಿಡೋಣ. ಅವನಿಗೇ ಹಗುರ."

"ನೋಡೋಣ," ಅಂದೆ ನಾನೂ. ಆ ಮಾತಿಗೆ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ. ಬೇಡ ಎಂದು ಹೇಳಲು ಬಾಯಿ ಬರದಾಗ ನಮ್ಮ ಕಡೆಯವರು ಆಡುವ ಮಾತು ಅದು.

ಇದನ್ನು ಎಲ್‌ರಾಯ್ ಕಿವಿಗೆ ಹಾಕಿದವನು ಮೈಲೋ. ಜಿಂಕೆ ಬೇಟೆಯ ಮೊದಲ ದಿನ, ಇಬ್ಬರೂ ಮರದ ಮೇಲೆ ಕೂತು ನಡುಗುತ್ತಿದ್ದಾಗ, "ಡಿಸೆಂಬರ್‌ದು ಚೆನ್ನಾಗಿ ಮಾಡು. ಇಲ್ದಿದ್ರೆ ಕೋಲ್ ಮನೆಯವರನ್ನ ಸೇರಿಸ್ಕೊಂಡು ನಿನ್ನ ಬಿಟ್ಬಿಡ್ತಾರೆ," ಎಂದನಂತೆ. ಇಸ್ಪೀಟಿನ ಆ ಶನಿವಾರ ಒಂದು ಬಿಟ್ಟರೆ ಎಲ್‌ರಾಯ್‌ಗೆ ತಿಂಗಳಿಡೀ ಯಾರ ಜೊತೆಗೂ ಕೂತು ಮಾತಾಡುವ ದಿನವಿಲ್ಲ. ಅದು ನಮಗೆಲ್ಲ ಗೊತ್ತಿತ್ತು, ಜಾಯ್ಸ್‌ಗೂ.

ಮ್ಯಾಡಿಸನ್‌ನಲ್ಲಿ ಓದುವ ಮೊಮ್ಮಗಳು ಬ್ರಿಯೆಲ್‌ಗೆ ಅವನು ಫೋನ್ ಮಾಡಿದ. ತಟ್ಟೆಯಲ್ಲಿ ಸಾಸೇಜು, ಚೀಸು, ಬಿಸ್ಕತ್ತು ಇಡುವುದು ಹಳೇ ಕಾಲ ಅಜ್ಜ, ಈಗ ಎಲ್ಲ ಮರದ ಹಲಗೆ ಮೇಲೆ ಚಿತ್ರದ ಹಾಗೆ ಜೋಡಿಸಬೇಕು, ಮಾಂಸದಲ್ಲೇ ಗುಲಾಬಿ ಹೂ ಮಾಡಬೇಕು ಎಂದು ಅವಳು ಹೇಳಿ ಫೋಟೋ ಕಳಿಸಿದಳು. ಎಲ್‌ರಾಯ್ ಮೂರು ದಿನ ಅಭ್ಯಾಸ ಮಾಡಿದ. ಸಲಾಮಿಯ ತೆಳ್ಳನೆ ಬಿಲ್ಲೆಗಳನ್ನು ವೈನ್ ಲೋಟದ ಅಂಚಿಗೆ ಒಂದರ ಮೇಲೊಂದು ಮಡಚಿ, ಲೋಟ ಬೋರಲು ಹಾಕಿದರೆ ಹೂ ಬೀಳಬೇಕು. ಅವನ ಬೆರಳುಗಳು ನಲವತ್ತು ಪೌಂಡಿನ ಚೀಸ್ ಗಟ್ಟಿ ಎತ್ತಿ ಎತ್ತಿ ದಪ್ಪವಾಗಿದ್ದವು. ಬೀಳಬೇಕಾದ ಹೂ ಬೀಳದೆ ಲೋಟವೇ ಬಿದ್ದು ಎರಡು ಒಡೆದವು. ಕೆಟ್ಟ ಹೂಗಳನ್ನೆಲ್ಲ ತಾನೇ ತಿಂದ.

ಮೊದಲ ಶನಿವಾರ ಬಂತು. ಮೇಜುಬಟ್ಟೆ ಕೊಡುವ ನೆಪ ಮಾಡಿಕೊಂಡು ನಾನು ಹನ್ನೆರಡಕ್ಕೇ ಹೋದೆ. ಬಾಗಿಲು ತೆರೆದವನನ್ನು ನೋಡಿ ನಗು ತಡೆಯಲಾಗಲಿಲ್ಲ. ಮೊಣಕೈವರೆಗೆ ತೊಳೆದ ಕೈ, ಬಿಳಿ ಏಪ್ರನ್ನು, ತಲೆಗೆ ಕಾರ್ಖಾನೆಯ ಬಲೆ ಟೋಪಿ.

"ತಲೇಲಿ ಇರೋದು ನಾಲ್ಕು ಕೂದ್ಲು ಮಾರಾಯ. ಅದಕ್ಕೂ ಟೋಪಿನಾ?"

"ನಾಲ್ಕರಲ್ಲಿ ಒಂದು ಚೀಸಿಗೆ ಬಿದ್ರೆ? ನಗಬೇಡ, ಬಾ ಒಳಗೆ. ಕೈ ತೊಳ್ಕೊ."

ಹಲಗೆ ನೋಡಿ ನನ್ನ ನಗು ನಿಂತಿತು. ಅದು ಕಾರ್ಖಾನೆಯ ಹಳೇ ಕಪಾಟಿನ ಹಲಗೆ, ಚೀಸ್ ಮಾಗಲು ಇಡುತ್ತಿದ್ದದ್ದು. ಕಪಾಟು ಬದಲಿಸಿದಾಗ ಕೇಳಿ ತಂದಿದ್ದನಂತೆ. ಉಜ್ಜಿ ನುಣುಪು ಮಾಡಿ ಎಣ್ಣೆ ಹಚ್ಚಿದ್ದ. ಅದರ ಒಂದು ತುದಿಯಲ್ಲಿ ಅವನೇ ಬೇಟೆಯಾಡಿದ ಜಿಂಕೆಯ ಸಾಸೇಜು, ಸಮನಾದ ಬಿಲ್ಲೆಗಳು, ಬೀಸಣಿಗೆಯಂತೆ ಹರಡಿ. ಇನ್ನೊಂದು ತುದಿಯಲ್ಲಿ ಹೊಗೆ ಹಾಕಿದ ಹಂದಿಮಾಂಸದ ಹ್ಯಾಮು. ನಡುವೆ ನಾಲ್ಕು ಸಲಾಮಿ ಹೂಗಳು, ನಾಲ್ಕೂ ಅರಳಿದ್ದವು. ಒಣ ಕ್ರ್ಯಾನ್‌ಬೆರಿ, ವಾಲ್‌ನಟ್ಟು, ರೈ ಬ್ರೆಡ್ಡು, ಹೆಚ್ಚಿದ ಹಸಿ ಈರುಳ್ಳಿ, ಸಾಸಿವೆ ಚಟ್ನಿಯ ಬಟ್ಟಲು. ಮೂಗು ಮುಚ್ಚಿಕೊಂಡೇ ಇಷ್ಟಪಡುವಂಥ ಬ್ರಿಕ್ ಚೀಸು. ಮತ್ತು ಎಲ್ಲಕ್ಕಿಂತ ಮುಂದೆ, ಮೇಣ ಬಿಡಿಸಿದ ಒಂದು ಚೆಡ್ಡರ್ ಚೀಸಿನ ಗಟ್ಟಿ.

"ನಾನು ರಿಟೈರ್ ಆದ ವಾರ ಮಾಡಿದ್ದು," ಎಂದ. "ಒಂಬತ್ತು ವರ್ಷ ಆಯ್ತು. ಯಾವತ್ತಾದ್ರೂ ಒಡೀಬೇಕಲ್ಲ."

ಉಪ್ಪಿನಕಾಯಿ ಸೌತೆ ಮಾತ್ರ ಅಂಗಡಿಯದು. ನೆಲಮಾಳಿಗೆಯಲ್ಲಿ ಇನೆಜ್ ಹಾಕಿದ ಸೌತೆಯ ಮೂರು ಜಾಡಿ ಇವೆ ಎಂದು ನನಗೆ ಗೊತ್ತಿತ್ತು. ಅದನ್ನೇ ಇಡಬಹುದಿತ್ತಲ್ಲ ಎಂದೆ.

"ಅದು ನಂಗೆ," ಎಂದು ಬೇರೆ ಕಡೆ ನೋಡಿದ.

ಎರಡಕ್ಕೆ ಎಲ್ಲರೂ ಬಂದರು. ಗೋಡೆ ಪಕ್ಕದ ಮೇಜಿನ ಮೇಲೆ ಹಲಗೆ ಇತ್ತು. ಅದರ ಮುಂದೆ ನಿಂತು ಒಬ್ಬೊಬ್ಬರೂ ಹೊಗಳಿದ್ದೇ ಹೊಗಳಿದ್ದು. ಜಾಯ್ಸ್ ಕೂಡ, "ಅಬ್ಬಾ, ಪತ್ರಿಕೇಲಿ ಬರೋ ಫೋಟೋ ಥರ ಇದೆ ಕಣೋ," ಎಂದು ತನ್ನ ಫೋನಿನಲ್ಲಿ ತೆಗೆದುಕೊಂಡಳು. ಎಲ್‌ರಾಯ್‌ನ ಕಿವಿ ಕೆಂಪಾಯಿತು. "ತಗೊಳ್ಳಿ, ತಗೊಳ್ಳಿ," ಎಂದ. "ತಗೋತೀವಿ, ಏನ್ ಅವಸರ," ಎಂದೆವು. ಮೊದಲ ಸುತ್ತು ಆಡಿದೆವು. ಎದ್ದು ಕಾಫಿ ಬಗ್ಗಿಸಿಕೊಂಡೆವು. ಹಲಗೆಯ ಹತ್ತಿರ ಹೋಗಿ, ನೋಡಿ, ಮತ್ತೊಮ್ಮೆ ಹೊಗಳಿ, ಕಾಫಿ ಹಿಡಿದುಕೊಂಡು ವಾಪಸ್ ಬಂದು ಕೂತೆವು. ಎರಡನೇ ಸುತ್ತೂ ಮುಗಿಯಿತು. ಹಲಗೆಯಲ್ಲಿ ಒಂದು ವಾಲ್‌ನಟ್ಟೂ ಕದಲಿರಲಿಲ್ಲ.

ನಮ್ಮ ಜನ ಹೇಗೆಂದರೆ, ತುಂಬಿದ ಮೇಜಿನ ಮುಂದೆ ಉಪವಾಸ ಕೂತಾರೇ ಹೊರತು ಮೊದಲು ಕೈ ಹಾಕುವವರು ತಾವಾಗಲಾರರು. ಹೊಟ್ಟೆಬಾಕ ಎನಿಸಿಕೊಳ್ಳುವುದಕ್ಕಿಂತ ಸಾಯುವುದು ಲೇಸು. ಮಾಮೂಲಿ ತಟ್ಟೆಗೇ ಹೀಗೆ. ಇನ್ನು ಆ ಹಲಗೆಯೋ, ಒಂದು ಬಿಲ್ಲೆ ಎಳೆದರೆ ಇಡೀ ಚಿತ್ರ ಕೆಡುವ ಹಾಗಿತ್ತು. ಮೂರು ದಿನದ ಅವನ ಶ್ರಮವನ್ನು ಕೆಡಿಸುವ ಪಾಪ ಯಾರಿಗೆ ಬೇಕು? ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ಆದರೂ ಕೂತೇ ಇದ್ದೆ.

ಎಲ್‌ರಾಯ್‌ಗೆ ಇದೆಲ್ಲ ಹೊಳೆಯಲಿಲ್ಲ. ಅವನು ಇಸ್ಪೀಟು ಹಿಡಿದುಕೊಂಡೇ ಹಲಗೆಯ ಕಡೆ ನೋಡುತ್ತಿದ್ದ. ಸುಲಭದ ಆಟಗಳನ್ನೂ ಸೋತ. ಮೂರನೇ ಸುತ್ತು ಹಂಚುವ ಮೊದಲು ಎದ್ದು ಅಡುಗೆಮನೆಗೆ ಹೋಗಿ ಪ್ಲಾಸ್ಟಿಕ್ ಹಾಳೆಯ ಸುರುಳಿ ತಂದು ಹಲಗೆಗೆ ಮುಚ್ಚತೊಡಗಿದ.

"ಯಾಕೋ ಮುಚ್ತಿದೀಯ?" ಎಂದಳು ಜಾಯ್ಸ್.

"ಒಣಗುತ್ತೆ. ಹೋಗುವಾಗ ಎಲ್ರಿಗೂ ಕಟ್ಟಿಕೊಡ್ತೀನಿ." ಅವನು ಬೆನ್ನು ತಿರುಗಿಸಿಯೇ ಮಾತಾಡುತ್ತಿದ್ದ. "ಜಾಯ್ಸ್, ಇನ್ನೊಂದು ವಿಷಯ. ಕೋಲ್ ಮನೆಯವರನ್ನ ಸೇರಿಸ್ಕೊ. ನೀವ್ಯಾರೂ ನನ್ನ ಮುಂದೆ ಹೇಳೋಕೆ ಒದ್ದಾಡೋದು ಬೇಡ. ನಂಗೆ ಅರ್ಥ ಆಗುತ್ತೆ."

ಜಾಯ್ಸ್‌ಳ ಮುಖ ಕುತ್ತಿಗೆವರೆಗೆ ಕೆಂಪೇರಿತು. ನನಗೆ ಇನೆಜ್ ನೆನಪಾದಳು. ಮೂವತ್ತೊಂದು ವರ್ಷ ಪ್ರತಿ ಸರದಿಯಲ್ಲೂ ಅವಳ ಜೊತೆ ಅಡುಗೆಮನೆಯಲ್ಲಿ ನಿಂತವಳು ನಾನು. ಅಲ್ಲಿ ಅವಳು ಏನು ಮಾಡುತ್ತಿದ್ದಳೆಂದು ನನಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

ನಾನು ಎದ್ದು ಹೋಗಿ ಪ್ಲಾಸ್ಟಿಕ್ ಹಾಳೆ ಕಿತ್ತೆಸೆದೆ. ನಡುವಿನ ದೊಡ್ಡ ಹೂವನ್ನೇ ಹಿಡಿದು ಕಿತ್ತು, ಪೂರ್ತಿ ಬಾಯಿಗೆ ತುರುಕಿಕೊಂಡೆ.

"ಆರ್ಡಿಸ್," ಎಂದ ಎಲ್‌ರಾಯ್ ಗಾಬರಿಯಿಂದ.

"ಇರು, ನುಂಗ್ತೀನಿ." ನುಂಗಿದೆ. "ಕೇಳಿಲ್ಲಿ ಎಲ್‌ರಾಯ್. ಮೊದ್ಲು ಕೈ ಹಾಕೋಕೆ ನಮ್ಗೆಲ್ಲ ಸಂಕೋಚ. ನಿನ್ ಹೆಂಡ್ತಿ ಒಂದು ದಿನಾನೂ ತುಂಬಿದ ತಟ್ಟೆ ಹೊರಗೆ ತಂದವಳಲ್ಲ. ಒಳಗೇ ನಿಂತು ನಡುವಿಂದ ನಾಲ್ಕು ಚೂರು ತಿಂದು, ಬೇಕು ಅಂತ ಹೊಂಡ ಮಾಡಿ, ಬಾಯಿ ತುಂಬ ಅಗೀತಾ ಬರ್ತಿದ್ಲು. ವಿಷ ಇಲ್ಲ, ನೋಡಿದೀನಿ, ತಿನ್ನಿ ಅಂತಿದ್ಲು. ಜ್ಞಾಪಕ ಇದ್ಯಾ?"

"ಹಸಿವು ತಡ್ಕೊಳಲ್ಲ ಅವಳು ಅಂತ..." ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. "ಬಂದವರ ಮುಂದೆ ಅಗೀತಾ ಬರಬೇಡ, ಮರ್ಯಾದೆ ಇಲ್ವಾ ಅಂತ ಬೈತಿದ್ದೆ ಕಣೇ. ಪ್ರತಿ ಸಲ ಬೈತಿದ್ದೆ. ಒಂದು ದಿನಾನೂ ಯಾಕೆ ಅಂತ ಹೇಳಲಿಲ್ಲ."

"ಹೇಳಿದ್ರೆ ನಾವೆಲ್ಲ ನಾಚಿಕೊಳ್ತಿದ್ವಿ. ಅದಕ್ಕೇ ತಾನು ಬೈಸಿಕೊಂಡ್ಲು."

ಅವನು ಅತ್ತ. ಕಾರ್ಖಾನೆಯವರು ಅಳುವ ಹಾಗೆ, ಮೊಣಕೈಗೆ ಮುಖ ಒತ್ತಿ, ಕೈ ಮುಖಕ್ಕೆ ತಾಗಿಸದೆ. ನಾನೂ ಅತ್ತೆ, ಮುಚ್ಚಿಡುವುದೇನು. ಆಮೇಲೆ ಅವನು ಚಾಕು ತೆಗೆದುಕೊಂಡು ಆ ಒಂಬತ್ತು ವರ್ಷದ ಚೆಡ್ಡರ್‌ಗೆ ಅಳತೆ ಗಿಳತೆ ಏನೂ ನೋಡದೆ ನಡುವಿಗೇ ಇಳಿಸಿದ. ಮುರಿದ ಒಂದು ದೊಡ್ಡ ತುಂಡನ್ನು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ನಮ್ಮ ಕಡೆ ತಿರುಗಿದ.

"ವಿಷ ಇಲ್ಲ," ಎಂದ.

ಮೊದಲು ಎದ್ದವನು ಮೈಲೋ. ಆಮೇಲೆ ಎಲ್ಲರೂ. ಅರ್ಧ ಗಂಟೆ ಇಸ್ಪೀಟು ಮುಟ್ಟಿದವರಿಲ್ಲ. ಆ ಚೆಡ್ಡರ್ ಹಲ್ಲಿಗೆ ಸಣ್ಣ ಹರಳು ಸಿಕ್ಕಂತೆ ಕರುಂ ಎಂದು, ನಾಲಿಗೆ ಚುರ್ ಎನ್ನಿಸಿ, ಆಮೇಲೆ ಸಿಹಿಯಾಗುತ್ತಿತ್ತು. ಬ್ರಿಕ್ ಚೀಸು, ಸಾಸಿವೆ, ಹಸಿ ಈರುಳ್ಳಿ ರೈ ಬ್ರೆಡ್ಡಿನ ಮೇಲೆ ಹೇರಿ ಜಾಯ್ಸ್ ಮೂರು ಸಲ ತಿಂದಳು. ನಾಳೆ ಚರ್ಚಿನಲ್ಲಿ ನಿನ್ನ ಪಕ್ಕ ಯಾರೂ ಕೂರುವುದಿಲ್ಲ ಎಂದು ನಾನು ಹೇಳಿದೆ. ಹಲಗೆಯ ಎಣ್ಣೆ ಹಚ್ಚಿದ ಮರ ಕಾಣತೊಡಗಿತು.

ಹೊರಡುವ ಹೊತ್ತಿಗೆ ಜಾಯ್ಸ್ ಚೀಲದಿಂದ ಪಟ್ಟಿ ತೆಗೆದಳು. ಬರೆದುಕೊಂಡೇ ಬಂದಿದ್ದಳು ಎಂದು ನನಗೆ ದೂರದಿಂದಲೇ ಕಂಡಿತು. ಅವಳು ಅದನ್ನು ಎರಡಾಗಿ ಮಡಚಿ ಮತ್ತೆ ಚೀಲಕ್ಕೆ ಹಾಕಿ, ಎಲ್‌ರಾಯ್‌ನ ಫ್ರಿಜ್ಜಿನ ಮೇಲಿದ್ದ ಚೀಟಿ ಪುಸ್ತಕದಿಂದ ಒಂದು ಹಾಳೆ ಹರಿದು, ನಿಂತಲ್ಲೇ ಹೊಸದಾಗಿ ಬರೆದಳು. ನಮ್ಮ ಪಟ್ಟಿಯಲ್ಲಿ ಮನೆಯೊಡತಿಯ ಹೆಸರನ್ನಷ್ಟೇ ಬರೆಯುವುದು ರೂಢಿ. ಜನವರಿ, ಜಾಯ್ಸ್. ಫೆಬ್ರವರಿ, ಆರ್ಡಿಸ್. ಮಾರ್ಚ್, ನೋವಾಕ್‌ನ ಹೆಂಡತಿ ಪೆಟ್ರಾ. ಅಲ್ಲಿ ಪೆನ್ನು ನಿಂತಿತು.

"ನಾವು ಏಳೇ ಜನ ಇರೋಣ, ಮೂವರ ಆಟ ನಾನೂ ಕಲ್ತ್ಕೋತೀನಿ ಬಿಡು," ಎಂದಳು, ಯಾರನ್ನೂ ನೋಡದೆ. ಆಮೇಲೆ ದನಿ ತಗ್ಗಿಸಿದಳು. "ಎಲ್‌ರಾಯ್, ನಿನ್ ಸರದಿ ಏಪ್ರಿಲ್ಗೆ ಬರುತ್ತೆ. ಇನೆಜ್ ತೀರ್ಕೊಂಡ ತಿಂಗ್ಳು ಅದು. ಬೇಡ ಅಂದ್ರೆ ಅದಲು ಬದಲು ಮಾಡ್ತೀನಿ."

ಅವನು ಖಾಲಿ ಹಲಗೆಯನ್ನು ಒರೆಸುತ್ತಿದ್ದ. ಬಟ್ಟೆ ಮಡಚಿ ಪಕ್ಕಕ್ಕಿಟ್ಟ.

"ಏಪ್ರಿಲ್ಲೇ ಇರ್ಲಿ," ಎಂದ. "ಆ ತಿಂಗ್ಳು ಒಬ್ನೇ ಕೂರೋಕಾಗಲ್ಲ."

ಜಾಯ್ಸ್ ಬರೆದಳು. ಮೂವತ್ತೊಂದು ವರ್ಷದ ಪಟ್ಟಿಗಳಲ್ಲಿ ಅದು ಮೊದಲನೇ ಗಂಡಸಿನ ಹೆಸರು.