ನಲವತ್ತೊಂದರ ಚೀಲ

ಓಡೀಲ್ ಆ ಮನುಷ್ಯನ ಹೆಸರನ್ನು ಮೊದಲು ಕೇಳಿದ್ದೇ ಅವನ ನಾರುವ ಅಂಗಿಯ ನೆಪದಲ್ಲಿ.

ಅಮೆರಿಕದ ಲೂಸಿಯಾನಾದ ಬಾಯೂ ಕ್ಲೇರ್ ಕಾಲೇಜಿನ ಬೇಸ್‌ಬಾಲ್ ಮೈದಾನದಲ್ಲಿ, ಜನ ಕೂತು ನೋಡುವ ಮೆಟ್ಟಿಲುಗಳ ಅಡಿಗೇ ಆಟಗಾರರ ಬಟ್ಟೆ ಒಗೆಯುವ ಕೋಣೆ ಇತ್ತು. ಗಂಡ ಕ್ಲೋವಿಸ್ ಅಕ್ಕಿ ಗಿರಣಿಯಲ್ಲಿ ಬಿದ್ದು ಸತ್ತ ವರ್ಷವೇ ಅವಳು ಅಲ್ಲಿ ಕೆಲಸಕ್ಕೆ ಸೇರಿದ್ದು. ಓದಿದ್ದು ನಾಲ್ಕನೆಯ ತರಗತಿ. ಒಗೆಯುವ ಕೋಣೆಯಲ್ಲಿ ಓದಿನ ಅಗತ್ಯವೂ ಇರಲಿಲ್ಲ. ಒಬ್ಬೊಬ್ಬನಿಗೆ ಒಂದೊಂದು ಬಲೆಚೀಲ, ಚೀಲದ ಮೇಲೆ ಅವನ ಸಂಖ್ಯೆ. ಬಟ್ಟೆ ಚೀಲದೊಳಗಿದ್ದ ಹಾಗೇ ಯಂತ್ರಕ್ಕೆ ಬೀಳುತ್ತಿತ್ತು, ಒಣಗಿ ಹಾಗೇ ಮೇಲಕ್ಕೆ ಹೋಗುತ್ತಿತ್ತು.

ಆ ಬೆಳಗ್ಗೆ ಮೇಲಿನ ಸಾಮಾನು ಕೋಣೆಯ ಆಲ್ಸೀಡ್ ಬಾಗಿಲಲ್ಲೇ ನಿಂತು ಕೂಗಿದ.

"ಓಡೀಲ್, ನಲವತ್ತೊಂದರ ಚೀಲ ಮುಟ್ಬೇಡ! ಹೊಸ ಸಹಾಯಕ ಕೋಚ್‌ದು. ವೆಂಡೆಲ್ ಪ್ರೂಡಮ್ ಅಂತ. ಗೆಲ್ತಾ ಇರೋವರೆಗೂ ಅಂಗಿ ಒಗೆಯೋ ಹಾಗಿಲ್ವಂತೆ."

"ಎಷ್ಟು ಆಟ ಗೆದ್ದವ್ರೆ?"

"ಒಂಬತ್ತು."

"ಒಂಬತ್ತಾ! ಅದಕ್ಕೇ ಎಲ್ಲೋ ಇಲಿ ಸತ್ತಿದೆ ಅಂತ ನಾನು ಹೊತ್ತಾರೆಯಿಂದ ಮೂಲೆಮೂಲೆ ಹುಡುಕ್ತಾ ಇದೀನಿ."

ಆಲ್ಸೀಡ್ ಅತ್ತ ಹೋದದ್ದೇ ತಡ, ಅವಳು ಆ ಚೀಲವನ್ನು ಯಂತ್ರಕ್ಕೆ ಎಸೆದು ಸೋಪಿನ ಪುಡಿಯನ್ನು ಎರಡು ಪಾಲು ಸುರಿದಳು. ಶನಿವಾರ ತಂಡ ಸೋತಿತು. ಕೂದಲೆಳೆಯ ಅಂತರದಲ್ಲಲ್ಲ, ಮಾನ ಹೋಗುವ ಹಾಗೆ ಸೋತಿತು.

ಸೋಮವಾರ ಒಬ್ಬ ಉದ್ದನೆಯ ಆಸಾಮಿ ತಲೆ ಬಗ್ಗಿಸಿಕೊಂಡು ಬಾಗಿಲೊಳಗೆ ಬಂದ. ಬಿಸಿಲಿಗೆ ಕತ್ತು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ನನ್ನ ಅಂಗಿ ಒಗೆದೋರು ನೀವೇನಾ, ಮಿಸ್ ಓಡೀಲ್?"

"ಹೂಂ, ನಾನೇ. ಬೈಯೋದಿದ್ರೆ ಬೇಗ ಬೈದು ಮುಗಿಸಿ ಕೋಚ್, ನನಗೆ ಕೆಲಸ ಇದೆ."

ಅವನು ಹಿಂದೆ ತಿರುಗಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ," ಎಂದು ಪಿಸುಗುಟ್ಟಿದ. "ವಾರದಿಂದ ನನ್ನ ಹೆಂಡ್ತಿ ನನ್ನನ್ನ ಜಗುಲಿಯಲ್ಲಿ ಮಲಗಿಸ್ತಾ ಇದ್ಲು. ಸೋತ್ವಿ ಅಂತ ಗೊತ್ತಾಗಿ ನಿನ್ನೆ ಚರ್ಚಲ್ಲಿ ಮೇಣದಬತ್ತಿ ಹಚ್ಚಿ ಬಂದವ್ಳೆ."

ಅಲ್ಲಿಂದ ಮುಂದೆ ಅವನು ದಿನಾ ಕಾಫಿ ಲೋಟ ಹಿಡಿದು ಒಗೆಯುವ ಕೋಣೆಗೆ ಇಳಿದು ಬರತೊಡಗಿದ. ಅವಳು ಅನ್ನದ ಮೇಲೆ ಗಂಬೋ ಸಾರು ಸುರಿದು ಕೊಟ್ಟರೆ ನಿಂತೇ ತಿನ್ನುತ್ತಿದ್ದ. ಒಂದು ದಿನ ಹಾಗೆ ತಿನ್ನುತ್ತಾ ತನ್ನ ಭಯವನ್ನೂ ಹೇಳಿಕೊಂಡ. ಮುಖ್ಯ ಕೋಚ್ ಬದಲಾದರೆ ಹೊಸಬ ತನ್ನವರನ್ನೇ ಕರೆತರುತ್ತಾನೆ, ಹಳೆಯ ಸಹಾಯಕರು ಗಂಟುಮೂಟೆ ಕಟ್ಟಬೇಕು. ಮದುವೆಯಾದ ಮೇಲೆ ಐದು ಊರು ಸುತ್ತಿಯಾಗಿತ್ತು. ಇಲ್ಲಿ ಬಂದಿಳಿದ ದಿನ ಹೆಂಡತಿ ರೇಲೀನ್ ಅಡುಗೆಮನೆಯ ಗೋಡೆಗೆ ಕೈಯಾರೆ ಹಳದಿ ಬಣ್ಣ ಬಳಿದು ಹೇಳಿದ್ದಳಂತೆ: "ಇನ್ನೊಂದು ಊರಿಗೆ ನೀನೊಬ್ಬನೇ ಹೋಗು."

"ಬರೀ ಮಾತಿಗೆ ಹೇಳಿರ್ಬೇಕು," ಎಂದಳು ಓಡೀಲ್.

"ಅವಳು ಬರೀ ಮಾತಿಗೆ ಏನೂ ಹೇಳೋಳಲ್ಲ, ಮಿಸ್ ಓಡೀಲ್."

ಅವನ ಕೆಲಸವಾದರೂ ಎಂಥದ್ದು? ಬೆಳಗಿನಿಂದ ತೆಳ್ಳನೆಯ ಬ್ಯಾಟು ಹಿಡಿದು ಹುಡುಗರ ಕಾಲಬುಡಕ್ಕೆ ನೂರಾರು ಚೆಂಡು ಹೊಡೆಯುವುದು. ಆಟದ ದಿನ ಮೂರನೆಯ ಬೇಸಿನ ಪಕ್ಕ ನಿಂತು, ಓಡಿ ಬರುವವನಿಗೆ 'ಮನೆ' ಎನ್ನುವ ಕೊನೆಯ ಗುರುತಿಗೆ ಓಡು ಎಂದು ಕೈ ಬೀಸುವುದು, ಇಲ್ಲವೇ ನಿಲ್ಲು ಎಂದು ಎರಡೂ ಕೈ ಎತ್ತುವುದು. ಓಡಿದವನು ಗೆದ್ದರೆ ಅದು ಅವನ ಕಾಲಿನ ಹೆಚ್ಚುಗಾರಿಕೆ. ಔಟಾದರೆ ಮಾತ್ರ ಪ್ರೂಡಮ್‌ನ ಕೈಯ ತಪ್ಪು. ಓಡೀಲ್‌ಗೆ ತಲೆಯ ಮೇಲಿನ ಹಲಗೆಗಳ ಸಂದಿಯಿಂದ ಜನ ಬೈಯುವುದೆಲ್ಲಾ ಕೇಳಿಸುತ್ತಿತ್ತು. "ಲೋ ಪ್ರೂಡಮ್, ಹೋಗಿ ಆ ಕೈಯಲ್ಲಿ ಬಸ್ಸು ನಿಲ್ಸೋ!"

ವರ್ಷಗಳು ಉರುಳಿದವು. ಒಬ್ಬ ಮುಖ್ಯ ಕೋಚ್‌ನನ್ನು ಕಾಲೇಜಿನವರು ಕೆಲಸದಿಂದ ತೆಗೆದರು. ಇನ್ನೊಬ್ಬ ದೊಡ್ಡ ಕಾಲೇಜು ಕರೆಯಿತೆಂದು ಹೋದ. ಕೆಲಸ ಕಳಕೊಂಡವನ ಚೀಲವನ್ನು ಆಲ್ಸೀಡ್ ಬರಿದು ಮಾಡಿ ಕೆಳಕ್ಕೆ ಕಳಿಸುತ್ತಿದ್ದ, ಮುಂದೆ ಬರುವವನಿಗೆ ಒಗೆದಿಡಲು. ಹಾಗಾಗಿ ಊರಿಗೆ ಸುದ್ದಿ ಮುಟ್ಟುವ ಮೊದಲೇ ಓಡೀಲ್‌ಗೆ ಗೊತ್ತಾಗುತ್ತಿತ್ತು. ಎರಡು ಸಲವೂ ಅವಳು ಚೀಲಗಳು ಬರುವ ತಳ್ಳುಬಂಡಿಯಲ್ಲಿ ಕೈಯಾಡಿಸಿ ನಲವತ್ತೊಂದನ್ನು ಹುಡುಕಿದಳು. ಎರಡು ಸಲವೂ ಅದು ಬೆವರು ಬಟ್ಟೆ ತುಂಬಿಕೊಂಡು ಭಾರವಾಗಿತ್ತು. "ಉಸ್ಸಪ್ಪಾ" ಎಂದು ಮೂಗು ಮುಚ್ಚಿಕೊಂಡಳು.

ಮೂರನೆಯ ಸಲ ಮುಖ್ಯ ಕೋಚ್ ಆಗಿ ಬಂದವನು ಸ್ಟ್ರಿಕ್ಲಿನ್ ಎಂಬ ಎಳೆಯ ಪ್ರಾಯದವನು. ಬಂದ ವಾರದಲ್ಲೇ ಇಬ್ಬರು ಸಹಾಯಕರ ಚೀಲಗಳು ಬರಿದಾಗಿ ಇಳಿದವು. ಮಾರನೆಯ ದಿನ ಬಂಡಿಯ ತಳದಲ್ಲಿ ನಲವತ್ತೊಂದು ಬಿದ್ದಿತ್ತು. ಒಳಗೆ ಒಂದು ಕಾಲುಚೀಲವೂ ಇರಲಿಲ್ಲ.

ಓಡೀಲ್‌ಳ ಕಣ್ಣಿಗೆ ಕಟ್ಟಿದ್ದು ರೇಲೀನ್‌ಳ ಹಳದಿ ಗೋಡೆ. ಚೀಲವನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು, ಏಪ್ರನ್ ಕೂಡ ಬಿಚ್ಚದೆ, ದಡದಡ ಮೆಟ್ಟಿಲು ಹತ್ತಿದಳು. ಸ್ಟ್ರಿಕ್ಲಿನ್ ತನ್ನ ಕೋಣೆಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ.

"ನಾಚ್ಕೆ ಆಗ್ಬೇಕು ನಿನಗೆ! ಆ ಮನುಷ್ಯನ ಸಂಸಾರ ಮುರಿದು ಏನು ಉಣ್ತೀಯ?"

"ಅಮ್ಮಾ, ನೀವು ಯಾರು?"

"ನಿನ್ನ ಚಡ್ಡಿ ಒಗೆಯೋಳು! ಈ ಚೀಲ ಕೆಳಗೆ ಕಳಿಸೋಕೆ ಹೆಂಗೆ ಮನಸ್ಸು ಬಂತು? ನೀನಿನ್ನೂ ತೊಟ್ಟಿಲಲ್ಲಿದ್ದಾಗಿಂದ ಅವ್ರು ಚೆಂಡು ಹೊಡೀತಾ ಅವ್ರೆ."

ಸ್ಟ್ರಿಕ್ಲಿನ್ ಬಾಳೆಹಣ್ಣು ಕೆಳಗಿಟ್ಟ. "ಯಾವ ಚೀಲ? ಯಾರನ್ನ ಕಳಿಸಿದೆ ನಾನು? ಪ್ರೂಡಮ್‌ನಾ?" ಎಂದು ಕಿಟಕಿ ತೋರಿಸಿದ. ಹೊರಗೆ ಟಕ್, ಟಕ್ ಎಂದು ಬ್ಯಾಟಿನ ಸದ್ದು. "ಅವರು ಹೋದ್ರೆ ಆ ಕತ್ತೆಗಳಿಗೆ ಚೆಂಡು ಹಿಡಿಯೋದು ಕಲಿಸೋರು ಯಾರಮ್ಮಾ? ಬಂದ ದಿನವೇ ಇರಿ ಅಂತ ಹೇಳಿದೀನಿ. ನಿಮಗೆ ಹೇಳ್ಲಿಲ್ವಾ?"

ಅಷ್ಟರಲ್ಲಿ ಗಲಾಟೆ ಕೇಳಿ ವೆಂಡೆಲ್ಲೇ ಬಾಗಿಲಿಗೆ ಬಂದ. ಮುಖದ ತುಂಬ ಕೆಂಪು ಧೂಳು.

"ಮಿಸ್ ಓಡೀಲ್, ಅದರ ತಳ ಹರಿದಿತ್ತು. ಕಾಲುಚೀಲ ಎಲ್ಲಾ ಉದುರಿಹೋಗ್ತಾ ಇತ್ತು. ಒಂದು ಹೊಲಿಗೆ ಹಾಕ್ಲಿ ಅಂತ ಕಳಿಸ್ದೆ."

ಅವಳು ಕೆಳಗೆ ನೋಡಿದಳು. ಅಷ್ಟು ದೂರ ಗಟ್ಟಿಯಾಗಿ ಹಿಡಿದು ತಂದ ಚೀಲದ ತಳದಿಂದ ಅವಳದೇ ನಾಲ್ಕು ಬೆರಳು ಹೊರಗೆ ಇಣುಕುತ್ತಿದ್ದವು.

ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತಳು. ನಗು ಬಂತು, ಕಣ್ಣೀರೂ ಬಂತು. ಸ್ಟ್ರಿಕ್ಲಿನ್ ಇನ್ನೇನು ಮಾಡಬೇಕೆಂದು ತೋಚದೆ ಅರ್ಧ ಬಾಳೆಹಣ್ಣು ಮುರಿದು ಕೊಟ್ಟ. ಅವಳು ತಿಂದಳು.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ, ಮೂಗ ಮುಂಡೇದೆ!" ಎಂದು ವೆಂಡೆಲ್‌ಗೆ ಬೈದಳು. ಮೊದಲ ಬಾರಿ ಏಕವಚನ ಬಂದುಬಿಟ್ಟಿತ್ತು. ಮತ್ತೆ ಬಹುವಚನಕ್ಕೆ ಹಿಂತಿರುಗಲಿಲ್ಲ.

ಆ ಚೀಲಕ್ಕೆ ಮೀನಿನ ಬಲೆಯ ದಾರದಲ್ಲಿ ಹೊಲಿಗೆ ಹಾಕಿದಳು. ಅದು ಸ್ಟ್ರಿಕ್ಲಿನ್‌ನ ಕಾಲವನ್ನೂ ದಾಟಿ ಬಾಳಿತು. ವೆಂಡೆಲ್‌ನ ಕೂದಲು ಬೆಳ್ಳಗಾಯಿತು, ಎಡಮಂಡಿ ಬಾತುಕೊಂಡಿತು. ಮುಖ್ಯ ಕೋಚ್ ಆಗುತ್ತೀಯಾ ಎಂದು ಒಮ್ಮೆ ಯಾರೋ ಕೇಳಿದಾಗ, ಟೈ ಕಟ್ಟಿಕೊಂಡು ದುಡ್ಡಿನವರ ಜೊತೆ ಊಟ ಮಾಡಲು ತನಗೆ ಬರುವುದಿಲ್ಲ ಎಂದನಂತೆ. ರೇಲೀನ್ ಅದೇ ಗೋಡೆಗೆ ಮತ್ತೆ ಮತ್ತೆ ಅದೇ ಹಳದಿ ಬಳಿದಳು.

ಒಂದು ಮೇ ತಿಂಗಳ ಮಧ್ಯಾಹ್ನ ಅವನು ಮೆಟ್ಟಿಲ ಕಂಬಿ ಹಿಡಿದು ನಿಧಾನಕ್ಕೆ ಇಳಿದು ಬಂದ. ಕೈಯಲ್ಲಿ ಖಾಲಿ ಚೀಲ. ಓಡೀಲ್‌ಳ ಕೈಯಲ್ಲಿದ್ದ ಟವೆಲ್ ನೆಲಕ್ಕೆ ಬಿತ್ತು.

"ಯಾರು ಕಳಿಸಿದ್ದು? ಹೆಸರು ಹೇಳು, ಈಗಲೇ ಹೋಗ್ತೀನಿ."

"ಯಾರೂ ಕಳಿಸ್ಲಿಲ್ಲ. ನಾನೇ ಸಾಕು ಅಂದೆ. ರೇಲೀನ್ ಹಿತ್ತಲಲ್ಲಿ ಬೆಂಡೆಕಾಯಿ ಹಾಕವ್ಳೆ, ನೀರು ಹೊಯ್ಯೋಕೆ ಆಳು ಬೇಕಂತೆ."

ಅವಳು ಚೀಲ ಇಸಿದುಕೊಂಡು ಅದರ ತಳಕ್ಕೆ ಬೆರಳು ಹಾಕಿ ನೋಡಿದಳು. ಹೊಲಿಗೆ ಗಟ್ಟಿಯಾಗಿತ್ತು. ಬಿದ್ದ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಇದನ್ನ ಗೋಡೆಗೆ ತಗಲಿಹಾಕ್ತೀನಿ. ಇಷ್ಟು ವರ್ಷ ಬಾಳಿದ್ದು," ಎಂದಳು.

"ಅಯ್ಯೋ ಬೇಡ. ನಾಳೆ ಬರೋ ಹೊಸಬನಿಗೆ ಕೊಡಿ, ಅದರ ಕಾಲ್ಗುಣ ಚೆನ್ನಾಗಿದೆ." ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಆದ್ರೆ ಮಿಸ್ ಓಡೀಲ್, ಮೊದಲು ಒಗೀರಿ. ಸೋಪು ಎರಡು ಪಾಲು ಹಾಕಿ."