ಹುರುಳಿಯ ಮೇಲೆ ಜಾರಿದ ಕಾರು

ನಾನು ಬೆಟಗೇರಿಯವಳು. ಅಲ್ಲಿ ರಸ್ತೆ ಎಂದರೆ ನಡೆದಾಡುವ, ಸೈಕಲ್ಲು ಟಾಂಗಾ ಓಡಾಡುವ ಜಾಗ. ಮದುವೆಯಾಗಿ ಮುಂಡರಗಿ ರಸ್ತೆಯ ಮೇಲಿನ ಊರಿಗೆ ಬಂದ ಮೇಲೆ ರಸ್ತೆ ಎಂದರೆ ಕಣವೂ ಹೌದು ಎಂದು ತಿಳಿಯಿತು.

ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ಮನೆಯ ಎತ್ತುಗಳನ್ನು ಮಾರಿಬಿಟ್ಟಿದ್ದರು. ಉಳಲು, ಬಿತ್ತಲು ನೆರೆಮನೆಯ ಅಜ್ಜನ ಎತ್ತುಗಳನ್ನು ಕೇಳಿ ತರುತ್ತಿದ್ದೆವು. ಒಕ್ಕಣೆಗೂ ಅವರ ಬಾಗಿಲಿಗೆ ಹೋಗಿ ನಿಲ್ಲುವುದು ಅತ್ತೆಯವರಿಗೆ ಬೇಡವಾಗಿತ್ತು. ಕಿತ್ತು ಒಣಗಿಸಿದ ಹುರುಳಿ ಗಿಡವನ್ನು ಮನೆಯ ಮುಂದಿನ ಡಾಂಬರಿನ ಮೇಲೆ ಹಾಸಿಬಿಟ್ಟರೆ ಬಸ್ಸು, ಲಾರಿ, ಚಕ್ಕಡಿಗಳೇ ತುಳಿದುಕೊಂಡು ಹೋಗುತ್ತಿದ್ದವು. ಸಂಜೆ ಹೊಟ್ಟು ಎತ್ತಿ, ಕಾಳು ಗುಡಿಸಿ, ಗಾಳಿ ನೋಡಿ ತೂರಿದರೆ ಆಯಿತು. ರಸ್ತೆಯ ಎರಡೂ ಕಡೆಯ ಮನೆಗಳವರೆಲ್ಲ ಹೀಗೆಯೇ ಮಾಡುತ್ತಿದ್ದರು. ಯಾರ ಬಾಗಿಲ ಮುಂದಿನ ರಸ್ತೆಯೋ ಅದು ಅವರ ಕಣ. ಇದನ್ನು ಯಾರೂ ಬರೆದು ಕೊಟ್ಟಿರಲಿಲ್ಲ, ಯಾರೂ ತಪ್ಪುತ್ತಲೂ ಇರಲಿಲ್ಲ.

ತೊಂದರೆ ಒಂದೇ. ಗಾಡಿಯವರು ಕಾಳಿನ ಮೇಲೆ ಹೋಗಲು ಹಿಂಜರಿದು ಪಕ್ಕದ ಖಾಲಿ ಜಾಗದಲ್ಲಿ ಹಾಯಿಸಿಕೊಂಡು ಹೋಗುತ್ತಿದ್ದರು. ಅದಕ್ಕೆ ಕಾಳು ಹಾಸಿದ ಮನೆಯವರು ಆ ಖಾಲಿ ಭಾಗದಲ್ಲಿ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಡುತ್ತಿದ್ದರು. ಆಗ ಬೇಡವೆಂದರೂ ಹುರುಳಿಯ ಮೇಲೆಯೇ ಹೋಗಬೇಕು.

ಈ ಕಲ್ಲಿನ ವಿಷಯಕ್ಕೆ ನಮ್ಮ ಮನೆಯಲ್ಲಿ ಪ್ರತಿ ವರ್ಷ ಜಗಳ. ನಮ್ಮನೆಯವರು ಗದಗಿನ ಡಿಪೋದಲ್ಲಿ ಸರ್ಕಾರಿ ಬಸ್ಸಿನ ಡ್ರೈವರ್. ಅದೇ ರಸ್ತೆಯಲ್ಲಿ ಹೋಗಿ ಬರುವುದು ಅವರ ಪಾಳಿ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪೊಲೀಸರ ಬಾಯಲ್ಲಿ ಹೆಸರು ಬಂದರೆ ಸಾಕು, ಅಷ್ಟಕ್ಕೇ ಮನೆಗೆ ಕಳಿಸುತ್ತಿದ್ದ ಕಾಲ.

"ಯವ್ವಾ, ಹುರಳಿ ಹಾಕು, ಬ್ಯಾಡ ಅನ್ನೂದಿಲ್ಲ. ಕಲ್ಲು ಮಾತ್ರ ಇಡಬ್ಯಾಡ. ಡಿಪೋದಾಗ ಗೊತ್ತಾದ್ರ ನನ್ನ ಮನಿಗೆ ಕಳಸ್ತಾರ."

"ಬಾ ಮನಿಗೆ. ಹುರಳಿ ಬಡಿಯಾಕ ಒಬ್ಬಾಂವ ಬೇಕಾಗ್ಯಾನ" ಎನ್ನುತ್ತಿದ್ದರು ಅತ್ತೆ. "ದಿನಾ ಇದ ಹಾದಿಲೆ ಹೋಗತಿ. ಹೆತ್ತಾಕಿ ಹುರಳಿ ಮ್ಯಾಲ ಒಂದೀಟ ಹಾಯಿಸಿದ್ರ ನಿನ್ನ ಟೈರು ಸವೀತಾವೇನು?"

ಆ ವರ್ಷ ಎಳ್ಳಮಾವಾಸ್ಯೆ ಕಳೆದು ಕೆಲವು ದಿನವಾಗಿತ್ತು. ಹಬ್ಬದ ಕಡಕ್ ರೊಟ್ಟಿ ಇನ್ನೂ ಬುಟ್ಟಿಯಲ್ಲಿದ್ದರೂ ಅತ್ತೆಯವರ ಹಲ್ಲಿಗೆ ಅದು ಆಗುತ್ತಿರಲಿಲ್ಲವಾದ್ದರಿಂದ ನಾನು ಬಿಸಿ ರೊಟ್ಟಿ ಬಡಿಯುತ್ತಿದ್ದೆ. ಹುರುಳಿ ಹಾಸಿ, ಕಲ್ಲಿಟ್ಟು, ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. ಗದಗಿನ ಕಡೆಯಿಂದ ಮೋಟಾರಿನ ಸದ್ದು ಕೇಳಿತು. ಒಂದಲ್ಲ, ಹತ್ತಾರು. ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದೆ.

ನಾವು ಕಂಡಿದ್ದ ಕಾರುಗಳೆಂದರೆ ಡಾಕ್ಟರರದೊಂದು, ಹತ್ತಿ ವ್ಯಾಪಾರಿಯದೊಂದು. ಇವು ಯಾವ ಜಾತಿಯವೋ ಗೊತ್ತಾಗಲಿಲ್ಲ. ಒಂದಕ್ಕೆ ತಗಡಿನ ತಲೆಯೇ ಇಲ್ಲ. ಒಂದರ ದೀಪಗಳು ಗಡಿಗೆಯಷ್ಟು ದೊಡ್ಡವು. ಒಳಗಿದ್ದವರು ಟೊಪ್ಪಿಗೆ, ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಕಡೆ ಕೈಬೀಸುತ್ತಿದ್ದರು. ನೆರೆಮನೆಯ ಅಜ್ಜ ಎದ್ದು ನಿಂತು ಅವರಿಗೆ ಕೈಮುಗಿದ.

"ಇಲೆಕ್ಷನ್ ಬಂತೇನವಾ?" ಎಂದು ಅತ್ತೆಯನ್ನು ಕೇಳಿದ.

"ಇಲೆಕ್ಷನ್ ಆದ್ರ ಮೈಕು ಇರತಿತ್ತು. ಯಾರದೋ ಮದುವಿ ಇರಬೇಕು."

"ಮದುಮಗಳು ಯಾವ ಗಾಡ್ಯಾಗ ಅದಾಳ?"

ಮುಂದಿನ ಕಾರುಗಳು ಕಲ್ಲು ಕಂಡು ನಿಧಾನ ಮಾಡಿ, ನೀರಿಗೆ ಇಳಿಯುವವರ ಹಾಗೆ ಮೆಲ್ಲಗೆ ಹುರುಳಿಯ ಮೇಲೆ ಹಾಯ್ದು ಹೋದವು. ಒಬ್ಬ ಹೆಂಗಸು ಅತ್ತೆಯವರ ಫೋಟೋ ತೆಗೆದಳು. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವಷ್ಟರಲ್ಲಿ ಕಾರು ಮುಂದಕ್ಕೆ ಹೋಗಿತ್ತು. ಆಮೇಲೆ ರಸ್ತೆ ಖಾಲಿಯಾಯಿತು. ಮುಗಿಯಿತೆಂದು ನಾನು ಒಳಗೆ ಹೋಗಿ ಹಂಚಿನ ಮೇಲೆ ರೊಟ್ಟಿ ಹಾಕಿದೆ.

ಆಗ ಇನ್ನೊಂದು ಸದ್ದು ಬಂತು. ಹಿಟ್ಟಿನ ಗಿರಣಿ ಶುರುವಾದಂತೆ. ಅದು ಹತ್ತಿರ ಬಂತು ಎನ್ನುವುದರೊಳಗೆ ಕಿರ್ರೆಂದಿತು, ಮತ್ತೆ ದಪ್ಪೆಂದಿತು. ಹೊರಗೆ ಬಂದಾಗ ಹುರುಳಿಯ ಹೊಟ್ಟು ಇನ್ನೂ ಗಾಳಿಯಲ್ಲಿತ್ತು. ನಮ್ಮ ಕಾಳು, ಅಜ್ಜನ ಕಾಳು, ಅದರಾಚೆಯವರ ಕಾಳು ಎಲ್ಲ ಒಂದಾಗಿ ರಸ್ತೆಯ ತುಂಬ ಉರುಳುತ್ತಿತ್ತು. ಕೆಂಪಗಿನ ಒಂದು ವಸ್ತು ನಮ್ಮ ಮನೆಯೆದುರಿನ ಬೇವಿನಮರಕ್ಕೆ ಮೂತಿ ಹಚ್ಚಿ ನಿಂತಿತ್ತು. ನನ್ನ ಸೊಂಟದ ಎತ್ತರಕ್ಕೂ ಬಾರದ್ದು. ಮರಕ್ಕೆ ಬಡಿದು ಚಪ್ಪಟೆಯಾಯಿತೋ, ಮೊದಲೇ ಹಾಗಿತ್ತೋ ನನಗೆ ತಿಳಿಯಲಿಲ್ಲ.

ಅದರ ಬಾಗಿಲು ಪಕ್ಕಕ್ಕೆ ತೆರೆಯದೆ ಮೇಲಕ್ಕೆ ಎದ್ದು ನಿಂತಿತು. ಮುರಿದಿದೆ ಎಂದುಕೊಂಡು ಇಬ್ಬರು ಓಡಿ ಹೋಗಿ ಅದನ್ನು ಕೆಳಗೆ ಒತ್ತಿ ಸರಿಮಾಡಲು ನೋಡಿದರು. ಒಳಗಿದ್ದ ಮನುಷ್ಯ ಹೊರಗೆ ಬರಲು ಅದನ್ನು ಮೇಲಕ್ಕೆ ತಳ್ಳುತ್ತಿದ್ದ. ಸ್ವಲ್ಪ ಹೊತ್ತು ಹೀಗೇ ನಡೆದು, ಕೊನೆಗೆ ಅತ್ತೆ ಹೋಗಿ, "ಬಿಡ್ರಲೇ, ಜೀವಂತ ಅದಾನ, ಹೊರಗ ಬರಲಿ" ಎಂದು ಗದರಿದ ಮೇಲೆ ಬಿಟ್ಟರು.

ಅಷ್ಟರಲ್ಲಿ ನಜ್ಜುಗುಜ್ಜಾದ ಮುಂಭಾಗವನ್ನು ಬಗ್ಗಿ ನೋಡಿದ ಒಬ್ಬ ಕೂಗಿ ಹೇಳಿದ, "ಇದರಾಗ ಇಂಜಿನ್ನ ಇಲ್ಲರೆಪಾ. ಒಂದು ಸೂಟಕೇಸ್ ಐತಿ ಅಷ್ಟ."

ಹೊಡೆತಕ್ಕೆ ಇಂಜಿನ್ನು ಹಾರಿಹೋಗಿದೆ ಎಂದೇ ಎಲ್ಲರ ಲೆಕ್ಕ. ನಾಲ್ಕೈದು ಜನ ಬೇವಿನಮರದ ಹಿಂದಿನ ಜೋಳದ ಹೊಲಕ್ಕೆ ಇಳಿದು, ತೆನೆ ಸರಿಸುತ್ತ ಹುಡುಕತೊಡಗಿದರು. ಇಂಥ ಕಾರಿಗೆ ಇಂಜಿನ್ನು ಬೆನ್ನಿನಲ್ಲಿರುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಮನುಷ್ಯನ ಹಣೆ ಒಡೆದು ರಕ್ತ ಸೋರುತ್ತಿತ್ತು. ನಮ್ಮವರ ವಯಸ್ಸೇ ಇರಬೇಕು. ಬೈಯುತ್ತಾನೆ ಎಂದು ಎಲ್ಲರೂ ಕಾದೆವು. ಅವನು ಬೈಯಲಿಲ್ಲ. ರಸ್ತೆಯ ಮೇಲೆ ಕುಳಿತು, ಹುರುಳಿಯನ್ನು ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಹೊರಳಿಸಿ ನೋಡತೊಡಗಿದ. ಅದನ್ನು ನೋಡಿ ನನಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅತ್ತೆ ಅವನನ್ನು ಕೈಹಿಡಿದು ತಂದು ಕಟ್ಟೆಯ ಮೇಲೆ ಕೂಡಿಸಿದರು. ನಾನು ಬೆಲ್ಲ, ನೀರು ತಂದುಕೊಟ್ಟೆ. ಅತ್ತೆ ಅರಿಶಿನ ಒತ್ತಿ, ತಮ್ಮ ಹಳೆಯ ಸೀರೆಯ ಅಂಚು ಹರಿದು ಹಣೆಗೆ ಕಟ್ಟಿದರು. ಒಳಗೆ ನನ್ನ ರೊಟ್ಟಿ ಹೊತ್ತಿ ವಾಸನೆ ಬರುತ್ತಿತ್ತು.

ಮುಂದೆ ಹೋಗಿದ್ದ ಕಾರುಗಳಲ್ಲಿ ಒಂದು ಹಿಂದಿರುಗಿ ಬಂತು. ಫೋಟೋ ತೆಗೆದಿದ್ದ ಹೆಂಗಸು ಇಳಿದಳು. ಅವಳ ತಾಯಿಯ ತವರು ಬೆಳಗಾವಿಯಂತೆ, ಮರಾಠಿ ಬೆರೆಸಿದ ಕನ್ನಡ ಬರುತ್ತಿತ್ತು. ಇವರೆಲ್ಲ ಮುಂಬಯಿಯ ಕಡೆಯವರು, ಅಪರೂಪದ ಕಾರು ಇಟ್ಟುಕೊಂಡವರದೊಂದು ಸಂಘ, ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ದೂರ ಹೋಗುತ್ತಾರೆ, ಈ ಸಲ ಹಂಪಿಗೆ ಹೊರಟಿದ್ದಾರೆ, ಗದಗಿನಲ್ಲಿ ಯಾರೋ ಈ ಹಾದಿಯಲ್ಲಿ ಲಾರಿ ಕಡಿಮೆ ಎಂದರಂತೆ. ಇಂಥ ಕಾರು ದೇಶದಲ್ಲಿ ಇದೊಂದೇ ಇರುವುದು ಎಂದಳು.

"ಒಂದ ಇದ್ರ ಮನ್ಯಾಗ ಇಟಗೋಬೇಕಿಲ್ಲ?" ಎಂದರು ಅತ್ತೆ. ಅದನ್ನು ಅವಳು ಅವನಿಗೆ ಹೇಳಿದಳೋ ಇಲ್ಲವೋ.

ಮುಂಡರಗಿಯ ಕಡೆಯಿಂದ ಕೆಂಪು ಬಸ್ಸು ಬಂದು ನಿಂತಿತು. ನಮ್ಮನೆಯವರದೇ ಬಸ್ಸು. ಮೊದಲು ಇಳಿದದ್ದು ಮುಂಡರಗಿ ಪೊಲೀಸ್ ಠಾಣೆಯ ಜಮಾದಾರ. ಯಾವುದೋ ಲಾರಿಯವನು ಸುದ್ದಿ ಮುಟ್ಟಿಸಿದ್ದನಂತೆ, ಸಿಕ್ಕ ಬಸ್ಸು ಹತ್ತಿಕೊಂಡು ಬಂದಿದ್ದ. ಹಿಂದೆಯೇ ನಮ್ಮನೆಯವರು ಇಳಿದರು. ಮರ ನೋಡಿದರು, ಕಾರು ನೋಡಿದರು, ಆಮೇಲೆ ಕಲ್ಲಿನ ಸಾಲು ನೋಡಿದರು. ನನ್ನ ಮುಖ ನೋಡಲಿಲ್ಲ.

ಜಮಾದಾರ ಒಂದು ಕಲ್ಲನ್ನು ಬೂಟಿನಿಂದ ಮುಟ್ಟಿದ. "ಇವನ್ನ ಯಾರು ಇಟ್ಟೀರಿ?"

ಎಲ್ಲರೂ ಬೇವಿನಮರದ ಕಡೆ ನೋಡತೊಡಗಿದರು.

"ಹುರಳಿ ಯಾರದು?"

"ಎಲ್ಲಾರದೂ ಕೂಡೇತ್ರಿ ಸಾಹೇಬ್ರ" ಎಂದ ಅಜ್ಜ. "ಯಾವ ಕಾಳು ಯಾರದಂತ ಹೆಂಗ ಹೇಳೂದು?"

"ನೀ ಭಾಳ ಶಾಣ್ಯಾ ಅದಿ. ಈ ಕಲ್ಲು ಯಾರ ಮನಿ ಮುಂದ ಅದಾವು, ಅದನ್ನಾರ ಹೇಳು."

ಅಜ್ಜ ತನ್ನ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದ. ನಮ್ಮನೆಯವರು ಒಂದು ಹೆಜ್ಜೆ ಮುಂದೆ ಬಂದರು. ಖಾಕಿ ಅಂಗಿಯ ಗುಂಡಿ ಸರಿಮಾಡಿಕೊಂಡರು.

"ನಮ್ಮ ಮನಿರಿ ಸಾಹೇಬ್ರ. ಹುರಳಿನೂ ನಮ್ದ, ಕಲ್ಲೂ ನಮ್ದ."

"ನೀ ಬಸ್ ಡ್ರೈವರಪಾ" ಎಂದ ಜಮಾದಾರ, ನಂಬದವನಂತೆ. "ನೀನ ರಸ್ತಾದಾಗ ಕಲ್ಲು ಇಡಸ್ತಿ?"

"ಅವಂದೇನೈತಿ?" ಅತ್ತೆ ಕಟ್ಟೆಯಿಂದ ಎದ್ದರು. "ಅಂವ ಮುಂಜಾನಿಂದ ಬಸ್ಸಿನ್ಯಾಗ ಅದಾನ. ಇಟ್ಟಾಕಿ ನಾನು. ನಡೀರಿ ಎಲ್ಲಿಗಿ ಬರಬೇಕು. ಒಂದು ರೊಟ್ಟಿ ತಿಂದು ಬರ್ತೀನಿ."

"ಸುಮ್ನಿರು ಯವ್ವಾ."

"ನೀ ಸುಮ್ನಿರು."

ಜಮಾದಾರನಿಗೂ ಏನು ಮಾಡಬೇಕೋ ತೋಚಿದಂತೆ ಕಾಣಲಿಲ್ಲ. ಕಾರಿನವನ ಕಡೆ ತಿರುಗಿ ಹಿಂದಿಯಲ್ಲಿ ಹೇಗಾಯಿತೆಂದು ಕೇಳಿದ. ಅವನ ಒಂದು ಮಾತಿನ ಮೇಲೆ ನಮ್ಮ ಮನೆಯ ನೌಕರಿ ನಿಂತಿತ್ತು. ಅವನು ಹಣೆಯ ಪಟ್ಟಿ ಮುಟ್ಟಿ ನೋಡಿಕೊಂಡ. ನಮ್ಮನ್ನು ನೋಡಿದ, ಕಲ್ಲುಗಳನ್ನು ನೋಡಿದ, ರಸ್ತೆಯ ಆ ತುದಿಯತ್ತ ಬಹಳ ಹೊತ್ತು ನೋಡಿದ. ಆಮೇಲೆ ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಏನೋ ಅಂದ.

"ಎತ್ತು ಅಡ್ಡ ಬಂತು ಅಂತಾರ" ಎಂದಳು ಅವಳು. ಅವಳ ಹುಬ್ಬೂ ಮೇಲೆ ಹೋಗಿತ್ತು.

"ಯಾವ ಎತ್ತು?"

ಅವನು ಎರಡೂ ಕೈ ಎತ್ತಿ ಕೋಡು ತೋರಿಸಿದ. ದೊಡ್ಡದು, ಬಿಳಿ ಎಂದ.

ಹುರುಳಿ ಮರೆತು ಜಮಾದಾರ ಈಗ ಎತ್ತಿನ ಬೆನ್ನು ಹತ್ತಿದ. "ಯಾರ ಎತ್ತಲೇ ಅದು?"

ಎತ್ತು ಇದ್ದವರೆಲ್ಲ ಒಮ್ಮೆಲೇ ಮಾತಾಡಿದರು. ನಮ್ಮವು ಕೊಟ್ಟಿಗೆಯಲ್ಲಿವೆ, ನಮ್ಮವು ಹೊಲಕ್ಕೆ ಹೋಗಿವೆ, ನಮ್ಮದು ಕಂದುಬಣ್ಣದ್ದು. ಅಜ್ಜನ ಜೋಡಿ ಬಿಳಿಯದೇ. ಅವನ ಮುಖ ಬಾಡಿತು.

"ದೇವರ ಬಸವ ಇದ್ದೀತ್ರಿ ಸಾಹೇಬ್ರ" ಎಂದ ಮೆಲ್ಲಗೆ.

ದೇವರ ಹೆಸರಿನಲ್ಲಿ ಬಿಟ್ಟ ಬಸವನಿಗೆ ಒಡೆಯ ಯಾರೂ ಇರುವುದಿಲ್ಲ. ಊರೆಲ್ಲ ತಿರುಗಿ, ಕಂಡವರ ಬಾಗಿಲಲ್ಲಿ ರೊಟ್ಟಿ ತಿಂದು ಬದುಕುತ್ತದೆ. ಜಮಾದಾರ ಗಲ್ಲ ಬಡಿದುಕೊಂಡ.

"ಅದರ ಮ್ಯಾಲ ನಾ ಏನ್ ಕೇಸ ಹಾಕಲಿ?" ಎಂದ. "ಅದು ಹೌದಾ? ಬಸವನಾ?"

"ಹೌದ್ರಿ" ಎಂದರು ಒಬ್ಬರು. "ಹೌದ್ರಿ" ಎಂದರು ಇನ್ನೊಬ್ಬರು. ಹೊಲದಲ್ಲಿ ಇಂಜಿನ್ನು ಹುಡುಕುತ್ತಿದ್ದವರು ಏನು ಕೇಳಿದ್ದೆಂದು ತಿಳಿಯದೆಯೇ ಅಲ್ಲಿಂದ ಹೌದ್ರಿ ಎಂದರು. ನಮ್ಮೂರ ಬಸವ ಹಿಂದಿನ ಮಳೆಗಾಲದಲ್ಲೇ ಸತ್ತಿತ್ತು. ಹಲಗೆ ಬಾರಿಸಿ, ಊರವರೆಲ್ಲ ಕೂಡಿ ಗುಡಿಯ ಹಿಂದೆ ಮಣ್ಣು ಮಾಡಿದ್ದರು. ಮುಂದೆ ನಿಂತು ಮಾಡಿಸಿದವನೇ ಈ ಅಜ್ಜ.

ಜಮಾದಾರ ಕಲ್ಲುಗಳನ್ನು ತೆಗೆಸಿ, ಇನ್ನು ಮುಂದೆ ಇಟ್ಟರೆ ನೋಡಿ ಎಂದು ಹೇಳಿ, ಅದೇ ಬಸ್ಸು ಹತ್ತಿಕೊಂಡು ಗದಗಿಗೆ ಹೋದ. ನಮ್ಮನೆಯವರೇ ಬಸ್ಸು ನಡೆಸಿದರು. ಮಧ್ಯಾಹ್ನ ಕೆಂಪು ಕಾರನ್ನು ಹಗ್ಗ ಕಟ್ಟಿ ಲಾರಿಗೆ ಏರಿಸಿದರು. ಹೋಗುವಾಗ ಆ ಮನುಷ್ಯ ಅತ್ತೆಗೆ ಕೈಮುಗಿದ. ಹಿಡಿದುಕೊಂಡಿದ್ದ ಹುರುಳಿಯನ್ನು ಕೆಳಗೆ ಹಾಕದೆ ಜೇಬಿಗೆ ಹಾಕಿಕೊಂಡ.

ಸುದ್ದಿ ಮಾತ್ರ ತನ್ನ ಪಾಡಿಗೆ ತಾನು ಬೆಳೆಯಿತು. ಲಕ್ಷ್ಮೇಶ್ವರಕ್ಕೆ ಕೊಟ್ಟ ನಾದಿನಿಗೆ ತವರೂರಲ್ಲಿ ವಿಮಾನ ಬಿದ್ದಿದೆ ಎಂದು ತಿಳಿದಿತ್ತು. ಶಿರಹಟ್ಟಿಯ ಸಂತೆಯಲ್ಲಿ ಅದು ಸಿನಿಮಾದವರ ಕಾರಾಗಿತ್ತು. ಮರುದಿನ ಬೆಟಗೇರಿಯಿಂದ ನಮ್ಮಪ್ಪ, ಅಳಿಯನನ್ನು ಪೊಲೀಸರು ಹಿಡಿದುಕೊಂಡು ಹೋದರೆಂದು ಕೇಳಿ, ಮೊದಲ ಬಸ್ಸಿಗೆ ಬಂದಿಳಿದರು. ಆ ಬಸ್ಸನ್ನು ಓಡಿಸುತ್ತಿದ್ದವರು ಅಳಿಯನೇ ಎಂದು ಇಳಿದ ಮೇಲೆ ಗೊತ್ತಾಯಿತು.

ಆ ಕಾರಿನವನು ಎತ್ತು ಅಡ್ಡ ಬಂತೆಂದು ಹೇಳಿದ್ದೇಕೆ? "ಹುರಳಿ ಮ್ಯಾಲ ಜಾರಿ ಬಿದ್ದೆ ಅಂತ ಜೊತಿಯವರ ಮುಂದ ಹೇಳಾಕ ನಾಚಿಗಿ ಬಂದಿರಬೇಕು" ಎಂದರು ನಮ್ಮನೆಯವರು. ಅಮ್ಮ ಮಗ ಇಬ್ಬರೂ ನಾನು ನಾನು ಎಂದದ್ದು ಕಂಡು ಮನಸ್ಸು ಕರಗಿರಬಹುದು ಎಂದು ನನಗೆ ಅನಿಸಿತು. ಆದರೆ ನಮ್ಮ ಮಾತು ಅವನಿಗೆ ತಿಳಿಯುತ್ತಿರಲಿಲ್ಲವಲ್ಲ. ತಲೆಗೆ ಪೆಟ್ಟು ಬಿದ್ದದ್ದೂ ಖರೆ.

ಅತ್ತೆ ಮಾತ್ರ ಹುರುಳಿ ಹಸನು ಮಾಡುತ್ತಿದ್ದರು. ಗಾಜಿನ ಚೂರು, ಕೆಂಪು ಬಣ್ಣದ ಹಕ್ಕಳೆ ಎಷ್ಟೋ ದಿನ ಮೊರದಲ್ಲಿ ಸಿಗುತ್ತಲೇ ಇದ್ದವು. ಸೋಮವಾರ ಸಂಜೆ ಗುಡಿಯ ಹಿಂದೆ ಬಸವನ ಮಣ್ಣಿನ ಹತ್ತಿರ ದೀಪ ಇಟ್ಟು ಬರತೊಡಗಿದರು.

ಮುಂದಿನ ವರ್ಷ ಅವರು ಹುರುಳಿಯನ್ನು ರಸ್ತೆಗೆ ಹಾಕಲಿಲ್ಲ. ಹೊಲದಲ್ಲೇ ಸಗಣಿ ಸಾರಿಸಿ ಕಣ ಮಾಡಿಸಿದರು. ಅಜ್ಜನ ಬಾಗಿಲಿಗೆ ತಾವೇ ಹೋಗಿ ಎತ್ತು ಕೇಳಿ ತಂದರು. ಬಿಳಿ ಜೋಡಿ ಸುತ್ತು ಹಾಕುತ್ತಿತ್ತು, ನಾನು ಹಿಂದಿನಿಂದ ಗಿಡ ತಿರುವಿ ಹಾಕುತ್ತಿದ್ದೆ. ದೂರದಲ್ಲಿ ನಮ್ಮನೆಯವರ ಬಸ್ಸು ಹಾರ್ನು ಹೊಡೆದು ಹೋಯಿತು.

"ಏ ತಂಗಿ" ಎಂದರು ಅತ್ತೆ. "ಆ ಕಾರಿನಾಂವ ಬಸವನ್ನ ಖರೇನ ಕಂಡಿರಬೇಕಲ್ಲ?"

"ಗೊತ್ತಿಲ್ಲರಿ ಅತ್ತಿ" ಎಂದೆ.

"ನಾವೆಲ್ಲಾರೂ ಹೌದು ಅಂದ ಬಿಟ್ಟೇವಿ. ಕಂಡಾಂವ ಅಂವ ಒಬ್ಬನ" ಎಂದು ಎತ್ತುಗಳನ್ನು ನಿಲ್ಲಿಸಿ, ಎರಡಕ್ಕೂ ಒಂದೊಂದು ರೊಟ್ಟಿ ತಿನ್ನಿಸಿದರು.