ಮೂರು ದಂಬೆಯ ದೂರ

ಸತ್ತ ಮಂಗ ಕಂಡರೆ ಎಷ್ಟು ದೂರ ನಿಲ್ಲಬೇಕು ಎಂದು ನಮ್ಮ ನೇರಲಸರದಲ್ಲಿ ಯಾರನ್ನು ಬೇಕಾದರೂ ಕೇಳಿ. ಅಡಿ, ಗಜ, ಮೀಟರು ಯಾವುದನ್ನೂ ಹೇಳುವುದಿಲ್ಲ, ‘ಮೂರು ದಂಬೆ’ ಎನ್ನುತ್ತಾರೆ. ಹೋದ ತಿಂಗಳು ಜೀಪಿನಲ್ಲಿ ಬಂದ ಆರೋಗ್ಯ ಇಲಾಖೆಯ ಹೊಸ ಸಾಹೇಬರೊಬ್ಬರು ಇದನ್ನು ಕೇಳಿ ಹಲ್ಲು ಕಿರಿದರು. ನನಗೆ ಮೈಯೆಲ್ಲ ಉರಿದುಹೋಯಿತು. ‘ನಗಬೇಡಿ ಸ್ವಾಮಿ, ಆ ಅಳತೆ ಹುಟ್ಟುವಾಗ ನಾನು ಅಲ್ಲೇ ನಿಂತಿದ್ದೆ, ಅದೂ ತಪ್ಪು ಪಕ್ಷದಲ್ಲಿ’ ಎಂದು ಅವರನ್ನು ಜಗಲಿಯ ಮೇಲೆ ಕೂರಿಸಿ ಜಟ್ಟಿಂಗಪ್ಪನ ಕಥೆ ಹೇಳಿದೆ. ಹೇಳಿದ ಮೇಲೆ ಬರೆದೇ ಇಟ್ಟುಬಿಡೋಣ ಅನ್ನಿಸಿತು.

ಜಟ್ಟಿಂಗಪ್ಪ ತಾಳಗುಪ್ಪದ ಆಚೆಯ ಒಂದು ಹಳ್ಳಿಯವನು. ಗೇಣಿ ಗದ್ದೆ ಉಳುತ್ತಿದ್ದ ಮನೆತನ, ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವನು. ಅರವತ್ತೈದನೇ ಇಸವಿಯಲ್ಲಿ, ಸಾಗರದಲ್ಲಿ ಮಂಗನ ಕಾಯಿಲೆಯ ಬೆನ್ನು ಹತ್ತಿದ್ದ ಡಾಕ್ಟರುಗಳ ಹತ್ತಿರ ಕೂಲಿಗೆ ಸೇರಿಕೊಂಡ. ಕೆಲಸ ಏನೆಂದರೆ ಉಣುಗು ಹಿಡಿಯುವುದು. ದನದ ಮೈಗೆ, ನಾಯಿಯ ಕಿವಿಗೆ ಕಚ್ಚಿಕೊಳ್ಳುವ ಉಣ್ಣಿ ಇದೆಯಲ್ಲ, ಅದೇ ಜಾತಿ. ಆದರೆ ಕಾಡಿನ ಉಣುಗಿನ ಮರಿ ಎಳ್ಳಿಗಿಂತ ಸಣ್ಣದು. ಎರಡು ಗಜದ ಬಿಳಿ ಬಟ್ಟೆಯ ಅಂಚಿಗೆ ಕೋಲು ಕಟ್ಟಿ ತರಗೆಲೆಯ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗಬೇಕು. ಬಟ್ಟೆಗೆ ಹತ್ತಿದ್ದನ್ನು ಚಿಮಟದಲ್ಲಿ ಹಿಡಿದು ಗಾಜಿನ ಕೊಳವೆಗೆ ಬಿಟ್ಟು ಬಾಯಿಗೆ ಹತ್ತಿ ತುರುಕಬೇಕು. ನಾವು ಸುಮ್ಮನಿರುವ ಜನವೆ? ‘ಕಾಡು ಒರೆಸೋ ಜಟ್ಟಿಂಗಪ್ಪ’ ಎಂದು ಹೆಸರಿಟ್ಟೆವು.

‘ನಮ್ಮನೆ ಅಂಗಳಾನೂ ಒಂದ್ಸಲ ಒರೆಸಿ ಹೋಗಾ!’ ಎಂದು ಕೂಗುತ್ತಿದ್ದೆವು.

ಅವನೂ ಬಿಡುವ ಆಸಾಮಿಯಲ್ಲ. ‘ಒರೆಸ್ತೀನಿ ಬಿಡಿ. ಏನೇನ್ ಸಿಕ್ತು ಅಂತ ಊರಿಗೆಲ್ಲ ಹೇಳ್ತೀನಿ, ಆಗ್ಬಹುದಾ?’

ಆ ಕಾಯಿಲೆ ಬರುತ್ತಿದ್ದದ್ದು ಹೀಗೆ. ಬೇಸಿಗೆಯ ಬಾಯಿಗೆ ಕಾಡಿನಲ್ಲಿ ಮಂಗಗಳು ಮರದಿಂದ ಉದುರುತ್ತಿದ್ದವು. ಅದರ ಹಿಂದೆಯೇ ಸೊಪ್ಪಿಗೆ, ಸೌದೆಗೆ ಹೋದವರಿಗೆ ಜ್ವರ. ಕಣ್ಣು ಕೆಂಪಾಗಿ, ಸೊಂಟ ಮುರಿದಂತೆ ನೋವು ಬಂದು ಮಲಗಿದವರಲ್ಲಿ ಕೆಲವರು ಏಳುತ್ತಲೇ ಇರಲಿಲ್ಲ. ಒಮ್ಮೆ ಕನ್ನಡಕದ ಅಧಿಕಾರಿಯೊಬ್ಬರು ನಮ್ಮೂರ ಶಾಲೆಯ ಮುಂದೆ ನಿಂತು ಒಂದು ಗಂಟೆ ಭಾಷಣ ಮಾಡಿದರು. ಕಣ್ಣಿಗೆ ಕಾಣದ ಸೂಕ್ಷ್ಮ ವಿಷಾಣು ಉಣುಗಿನಲ್ಲಿದೆ, ಅದನ್ನು ನೀವು ನಂಬಬೇಕು ಎಂದರು. ನಮ್ಮ ಭೂತಪ್ಪ ಎದ್ದು ನಿಂತ. ಊರಿನ ಹಾಸ್ಯವೆಲ್ಲ ಅವನ ಬಾಯಿಂದಲೇ ಬರುವುದು.

‘ಕಾಣ್ದೇ ಇರೋದನ್ನ ನಂಬೋಕೆ ನಮ್ಗೆ ಚೌಡಮ್ಮ ಇದ್ದಾಳೆ ಸ್ವಾಮಿ. ನೀವ್ಯಾಕೆ?’

ಸಭೆ ಗೊಳ್ಳೆಂದಿತು. ಭಾಷಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅಧಿಕಾರಿಯ ಚೀಲ ಹಿಡಿದುಕೊಂಡು ಹಿಂದೆ ನಿಂತಿದ್ದ ಜಟ್ಟಿಂಗಪ್ಪನೂ ನಕ್ಕದ್ದನ್ನು ನಾನು ಕಣ್ಣಾರೆ ಕಂಡೆ.

ಮುಂದಿನ ಭಾನುವಾರ ಅವನೊಬ್ಬನೇ ಬಂದ. ಯಾರೂ ಕಳಿಸಿರಲಿಲ್ಲ, ರಜೆಯ ದಿನ. ಕೈಯಲ್ಲಿ ಬಿಳಿ ಬಟ್ಟೆ, ಜೇಬಿನಲ್ಲಿ ಡಾಕ್ಟರಿಂದ ಕಾಡಿಬೇಡಿ ತಂದ ಭೂತಗನ್ನಡಿ. ‘ಆ ವಿಷಾಣು ಅನ್ನೋದು ನಂಗೂ ಕಂಡಿಲ್ಲ, ಸುಳ್ಳು ಯಾಕೆ ಹೇಳ್ಲಿ? ಕಾಣದ್ದು ಬಿಡಿ, ಕಾಣೋದು ತೋರಿಸ್ತೀನಿ’ ಎಂದ. ಭೂತಪ್ಪ ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಾ?’ ಎಂದು ಕೆಣಕಿದ. ‘ಹುಣ್ಣಿಗೆ ಬೇಡ, ಉಣುಗಿಗೆ ಬೇಕು’ ಎಂದು ಜಟ್ಟಿಂಗಪ್ಪ ಉಣುಗಿದ್ದ ಗಾಜಿನ ಕೊಳವೆಯನ್ನು ಅವನ ಮೂಗಿಗೇ ಹಿಡಿದ. ನಾವೆಲ್ಲ ಸಾಲು ನಿಂತು ನೋಡಿದೆವು. ನಾಟಕ ನೋಡಿದಷ್ಟು ಖುಷಿಯಾಯಿತು. ನೋಡಿದೆವು, ನಕ್ಕೆವು, ಮರುದಿನ ಎಂದಿನಂತೆ ಕಾಡಿಗೆ ಹೋದೆವು.

ಈಗ ನಮ್ಮೂರ ಒಂದು ಪದ್ಧತಿ ಹೇಳಬೇಕು. ಊರ ಗಡಿಯೊಳಗೆ ಮಂಗ ಸತ್ತರೆ ಅದು ಹನುಮಪ್ಪನ ಮನೆಯ ಸಾವು. ಜಾಗಟೆ ಬಾರಿಸುತ್ತಾರೆ. ಒಬ್ಬರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುಖ ತೊಳೆದು ಬಾಯಿಗೆ ನೀರು ಬಿಡಬೇಕು. ಆಮೇಲೆ ಹೊಸ ಬಟ್ಟೆ ಸುತ್ತಿ, ಚಟ್ಟದಲ್ಲಿ ಹೊತ್ತು, ಮರದ ಬುಡದಲ್ಲಿ ಮಣ್ಣು ಮಾಡಿ ಕಾಯಿ ಒಡೆಯುವುದು. ನೀರು ಬಿಡುವುದು ನನ್ನ ಅವ್ವ ಕೆರಿಯಮ್ಮನ ಹಕ್ಕು. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಿಲ್ಲದೆ, ಹನುಮಪ್ಪನಿಗೆ ಹರಕೆ ಹೊತ್ತು ನನ್ನನ್ನು ಪಡೆದವಳು ಅವಳು. ಆವರೆಗೆ ನಾಲ್ಕು ಮಂಗಗಳಿಗೆ ನೀರು ಬಿಟ್ಟಿದ್ದಳು.

ಅರವತ್ತಾರರ ಶಿವರಾತ್ರಿ ಕಳೆದ ವಾರ. ಬೆಳಿಗ್ಗೆ ಕಾಲುದಾರಿಯ ಕೆಳಗಿನ ಇಳಿಜಾರಿನಲ್ಲಿ ಒಂದು ದೊಡ್ಡ ಮುಸುವ ಸತ್ತುಬಿದ್ದಿತ್ತು. ಕರಿ ಮುಖ, ಉದ್ದ ಬಾಲ, ಸಾಕ್ಷಾತ್ ಹನುಮಪ್ಪನ ಕಳೆ. ಜಾಗಟೆ ಬಾರಿಸಿದವನು ನಾನೇ. ಚಟ್ಟಕ್ಕೆ ಬಿದಿರು ಕಡಿದವನೂ ನಾನೇ. ಊರಿಗೆ ಊರೇ ದಾರಿಯ ಮೇಲೆ ಸೇರಿತು. ಅವ್ವ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ, ತಾಮ್ರದ ಕೊಡ ಸೊಂಟಕ್ಕಿಟ್ಟುಕೊಂಡು ಬಂದಳು.

ಪಕ್ಕದ ಕಾಡಿನಲ್ಲಿ ಬಟ್ಟೆ ಎಳೆಯುತ್ತಿದ್ದ ಜಟ್ಟಿಂಗಪ್ಪನಿಗೆ ಜಾಗಟೆಯ ಸದ್ದು ಕೇಳಿತು. ಅದರ ಅರ್ಥ ಅವನಿಗೆ ಗೊತ್ತು. ಗುಡ್ಡ ಹತ್ತಿ ಇಳಿದು ಏದುಸಿರು ಬಿಡುತ್ತ ಓಡಿಬಂದ.

‘ಬಂದ್ಯಾ? ಇವತ್ತು ಒರೆಸೋಕೇನಿಲ್ಲ, ನಡಿ’ ಎಂದೆ ನಾನು.

ಅವನು ನನ್ನ ಕಡೆ ನೋಡಲೂ ಇಲ್ಲ. ನೇರ ಅವ್ವನ ಮುಂದೆ ಕೈಮುಗಿದ. ‘ಅವ್ವಾ, ನಿಮ್ ಕೆಲ್ಸ ನೀವು ಮಾಡಿ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಒಂದೇ ಸಲ ಹನುಮಪ್ಪನ ಸುತ್ತ ಬಟ್ಟೆ ಎಳೀತೀನಿ. ಅಪ್ಪಣೆ ಕೊಡಿ.’

ಅವ್ವ ಕೊಡವನ್ನು ಸೊಂಟದಿಂದ ಇಳಿಸಿ ‘ಎಳಿ’ ಎಂದಳು.

ಜಟ್ಟಿಂಗಪ್ಪನಿಗೆ ಮೊಣಕಾಲ ತನಕದ ಬೂಟು, ಉಣುಗು ಹತ್ತದಂತೆ ಕೈಕಾಲಿಗೆಲ್ಲ ಆಸ್ಪತ್ರೆಯ ವಾಸನೆಯ ಎಣ್ಣೆ. ಇಳಿದು ಹೋಗಿ ಮುಸುವನ ಸುತ್ತ ಎರಡು ಸುತ್ತು ಬಟ್ಟೆ ಎಳೆದು ಮೇಲೆ ಬಂದ. ದಾರಿಯ ಬದಿಯ ಚಪ್ಪಡಿ ಕಲ್ಲಿನ ಮೇಲೆ ಅದನ್ನು ಹರಡಿ, ‘ಮುಟ್ಬೇಡಿ, ಬಗ್ಗಿ ನೋಡಿ’ ಎಂದ.

ಅಯ್ಯೋ ದೇವರೇ! ಹೋಗುವಾಗ ಹಾಲಿನಂತಿದ್ದ ಬಟ್ಟೆ. ಈಗ ಅದರ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿ, ಆ ಎಳ್ಳೆಲ್ಲ ನಡೆಯುತ್ತಿದೆ! ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ‘ಕಾಲು ಎಂಟು!’ ಎಂದು ಒಬ್ಬರು. ‘ನನ್ ಕಡೇನೇ ಬರ್ತಾ ಇದೆ!’ ಎಂದು ಇನ್ನೊಬ್ಬರು. ಬೆಳಿಗ್ಗೆಯೇ ಮುಸುವನ ಹತ್ತಿರ ಹೋಗಿ ನೋಡಿ ಬಂದಿದ್ದ ಭೂತಪ್ಪ ಸುಮ್ಮನೆ ಪಂಚೆಯ ಅಂಚು ಎತ್ತಿ ನೋಡಿದ. ಮೊಣಕಾಲ ಹಿಂದೆ ಒಂದು ಕಚ್ಚಿ ಕೂತಿತ್ತು. ಅವನು ಹಾಕಿದ ಕೂಗಿಗೆ ಗಂಡಸರೆಲ್ಲ ಮಾನ ಮರ್ಯಾದೆ ಬಿಟ್ಟು ಪಂಚೆ ಕೊಡವತೊಡಗಿದರು. ಹೆಂಗಸರು ಮುಖ ತಿರುಗಿಸಿಕೊಂಡು ನಕ್ಕರು. ಜಟ್ಟಿಂಗಪ್ಪ ಭೂತಪ್ಪನ ಉಣುಗನ್ನು ಚಿಮಟದಿಂದ ಕಿತ್ತು ಕೊಳವೆಗೆ ಹಾಕಿ, ‘ಜ್ವರ ಬಂದ್ರೆ ಒಂದ್ ದಿನಾನೂ ಕಾಯ್ಬೇಡ, ಸಾಗರಕ್ಕೆ ಬಾ’ ಎಂದ.

ನಾನು ಚಟ್ಟದ ಬಿದಿರನ್ನು ಕೆಳಗೆ ಹಾಕಿ ಹಿಂದೆ ಸರಿದೆ. ಆದರೆ ಅವ್ವ ಅಲ್ಲಾಡಲಿಲ್ಲ. ಬಟ್ಟೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವಳು ಅವಳೇ. ನೋಡಿ, ಕೊಡ ಎತ್ತಿಕೊಂಡು ಇಳಿಜಾರಿಗೆ ಕಾಲಿಟ್ಟಳು.

‘ಹುಳಕ್ಕೆ ಹೆದ್ರಿ ಹನುಮಪ್ಪಂಗೆ ನೀರು ಬಿಡ್ದೆ ಇರ್ಲಾ? ಅವ್ನು ಕೊಟ್ಟ ಮಗ ಇಲ್ ನಿಂತಿದ್ದಾನೆ. ನಂಗೇನಾದ್ರೂ ಆಗ್ಲಿ.’

ಅವಳು ಇಳಿದರೆ ಅವಳ ಹಿಂದೆ ಇಡೀ ಊರು ಇಳಿಯುತ್ತದೆ. ಅದು ನನಗೆ ಗೊತ್ತಿತ್ತು, ಜಟ್ಟಿಂಗಪ್ಪನಿಗೂ ಗೊತ್ತಿತ್ತು. ಅವನು ಓಡಿ ಅಡ್ಡ ನಿಂತ. ಸದಾ ತಮಾಷೆಯಾಡುವ ಮನುಷ್ಯನ ಮುಖ ಗುರುತೇ ಸಿಗದ ಹಾಗಾಗಿತ್ತು.

‘ಅಲ್ಲೇ ನಿಲ್ಲಿ ಅವ್ವಾ. ಹೋದ್ ವರ್ಷ ನಮ್ಮೂರಲ್ಲೂ ಹಿಂಗೇ ಒಂದು ಸತ್ತಿತ್ತು. ಹೊರೋ ಸರದಿ ನಂದು. ನಂಗೆ ಬೆನ್ನು ನೋವು ಅಂತ ತಮ್ಮ ಗುತ್ಯಪ್ಪನ ಹೆಗಲಿಗೆ ಹಾಕ್ದೆ. ನಾನೇ ಹಾಕ್ದೆ. ಎಂಟನೇ ದಿನ ಜ್ವರ ಬಂತು. ಆಸ್ಪತ್ರೆಗೆ ಹೋದವ್ನು ಮತ್ತೆ ಮನೆಗೆ ಬರ್ಲಿಲ್ಲ. ಅದಕ್ಕೇ ಅವ್ವಾ ನಾನು ಊರೂರಲ್ಲಿ ಕಾಡು ಒರೆಸೋದು.’

‘ಕಾಡು ಒರೆಸೋ’ ಎಂದು ಹೆಸರಿಟ್ಟ ನನ್ನ ನಾಲಿಗೆಯನ್ನು ಕಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು.

ಅವ್ವ ನಿಂತಳು. ಆದರೆ ತಿರುಗಲಿಲ್ಲ. ‘ನೀನು ಹೇಳೋದು ಸುಳ್ಳಲ್ಲ ತಮಾ. ಆದ್ರೆ ಮುಟ್ದೆ ನೀರು ಬಿಡೋದು ಹೆಂಗೆ? ಅದನ್ನ ಹೇಳು.’

ಜಟ್ಟಿಂಗಪ್ಪನಿಗೆ ಡಾಕ್ಟರುಗಳು ಅದನ್ನು ಕಲಿಸಿರಲಿಲ್ಲ.

ಆಗ ಭೂತಪ್ಪ ಮೊಣಕಾಲು ತಿಕ್ಕಿಕೊಳ್ಳುತ್ತಲೇ, ಬಾಯಿಚಪಲಕ್ಕೆ, ‘ದಂಬೆ ಇಡಿ ಮತ್ತೆ, ಅಬ್ಬಿ ನೀರು ಹೋದಂಗೆ ಹೋಗುತ್ತೆ’ ಎಂದ. ದಂಬೆ ಎಂದರೆ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ ತಿರುಳು ತೆಗೆದ ಕಾಲುವೆ. ಗುಡ್ಡದ ಅಬ್ಬಿಯ, ಅಂದರೆ ಒರತೆಯ, ನೀರು ನಮ್ಮ ಮನೆಗಳಿಗೆ ಬರುವುದು ಅದರಲ್ಲೇ. ಎರಡು ಮೂರು ಜನ ನಕ್ಕರು.

ಜಟ್ಟಿಂಗಪ್ಪ ನಗಲಿಲ್ಲ, ಕುಪ್ಪಳಿಸಿದ. ‘ಏನಂದೆ? ಇನ್ನೊಂದ್ಸಲ ಹೇಳಾ! ಭೂತಪ್ಪಾ, ನಿನ್ ಬಾಯಿಗೆ ಸಕ್ಕರೆ ಹಾಕಾ!’ ಎಂದು ಅವನನ್ನು ತಬ್ಬಿಕೊಂಡೇಬಿಟ್ಟ. ಅವ್ವ ಕೊಡ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ‘ಧರ್ಮಪ್ಪಾ, ನೋಡ್ತಾ ನಿಂತ್ಯಲ್ಲ, ನಮ್ಮನೆ ಅಬ್ಬಿ ದಂಬೆನೇ ಕಿತ್ಕೊಂಡ್ ಬಾ!’

ಓಡಿದೆವು ನೋಡಿ! ಹೆಣದ ಮೆರವಣಿಗೆಗೆ ಬಂದ ಜನ ಮದುವೆ ಚಪ್ಪರಕ್ಕೆ ಓಡಾಡುವವರ ಹಾಗಾದರು. ಮೂರು ದಂಬೆ ಹೊತ್ತು ತಂದೆವು, ಒಂದೊಂದೂ ಮೂರಾಳುದ್ದ. ಒಂದರ ಬಾಯಿ ಇನ್ನೊಂದರ ತಲೆಯ ಮೇಲೆ ಕೂರುವಂತೆ ಕಾಡುಬಳ್ಳಿಯಲ್ಲಿ ಬಿಗಿದೆವು. ದಾರಿಯ ಮೇಲಿನಿಂದಲೇ ಇಳಿಜಾರಿಗೆ ತಳ್ಳಬೇಕು, ಕೆಳಗೆ ಯಾರೂ ಇಳಿಯಬಾರದು, ಅದು ಜಟ್ಟಿಂಗಪ್ಪನ ಕಟ್ಟಪ್ಪಣೆ. ಒಂದು, ಎರಡು, ಹಾಂ! ಮೊದಲ ಸಲ ತುದಿ ಎಡಕ್ಕೆ ಜಾರಿ ಕಾರೆಮುಳ್ಳಿನ ಪೊದೆಗೆ ನುಗ್ಗಿತು. ‘ಎಳೀರಿ, ಎಳೀರಿ! ಬಲಕ್ಕೆ! ನಿಮ್ ಬಲ ಅಲ್ಲ, ನನ್ ಬಲ!’ ಎಂದು ಜಟ್ಟಿಂಗಪ್ಪ ಕೂಗಿದ. ಎರಡನೇ ಸಲ ಸರಸರನೆ ಇಳಿದು, ಮೇಲ್ಮೊಗವಾಗಿ ಬಿದ್ದಿದ್ದ ಮುಸುವನ ತಲೆಯ ಹತ್ತಿರ ಹೋಗಿ ನಿಂತಿತು.

ಅವ್ವ ಕೊಡ ಎತ್ತಿದಳು. ಹನುಮಪ್ಪನ ಹೆಸರು ಹೇಳಿ ಹೊಯ್ದಳು. ನೀರು ಮೊದಲ ದಂಬೆ ದಾಟಿತು. ಕಟ್ಟಿನಲ್ಲಿ ಅರ್ಧ ಸೋರಿತು. ‘ಹೋಯ್ತು’ ಎಂದರು ಯಾರೋ. ಇಲ್ಲ, ಉಳಿದ ಅರ್ಧ ಹರಿಯಿತು! ಎರಡನೆಯದು ದಾಟಿತು. ನಾವೆಲ್ಲ ನೀರಿನ ಜೊತೆಗೇ ಬಗ್ಗುತ್ತಿದ್ದೆವು. ಮೂರನೆಯದರ ತುದಿಯಿಂದ ಬಳುಕಿ ಬಿದ್ದ ನೀರು ನೇರ ಆ ಕರಿ ಮುಖದ ಮೇಲೆ, ಬಾಯಿಯ ಮೇಲೆ ಬಿತ್ತು. ಊರು ಹಾಕಿದ ಕೇಕೆ ಹೊಸನಗರದ ತನಕ ಕೇಳಿರಬೇಕು. ನಾನೂ ಕೂಗಿದೆ, ಯಾಕೆ ಸುಳ್ಳು ಹೇಳಲಿ, ಅಳುತ್ತ ಕೂಗಿದೆ.

ಗಲಾಟೆಯ ನಡುವೆ ಅವ್ವ ಜಟ್ಟಿಂಗಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. ‘ನಿನ್ ತಮ್ಮಂಗೆ ಕಡೇಗೆ ನೀರು ಬಿಟ್ಟವ್ರು ಯಾರು?’

ಅವನು ತಲೆ ಅಲ್ಲಾಡಿಸಿದ. ‘ಆಸ್ಪತ್ರೇಲಿ ಹೋದ ಅವ್ವಾ. ನಾನು ಗಾಡಿ ಹುಡುಕ್ಕೊಂಡು ಹೋಗೋದ್ರೊಳಗೆ ಮುಗ್ದಿತ್ತು. ಯಾರೂ ಬಿಡ್ಲಿಲ್ಲ.’

ಅವ್ವ ಖಾಲಿ ಕೊಡ ನನ್ನ ಕೈಗೆ ಕೊಟ್ಟಳು. ತುಂಬಿಸಿಕೊಂಡು ಬಂದೆ. ಅದನ್ನು ಅವಳು ಜಟ್ಟಿಂಗಪ್ಪನ ಕೈಗಿಟ್ಟು, ತಾನೂ ಅದರ ಬುಡಕ್ಕೆ ಕೈ ಕೊಟ್ಟಳು. ‘ಇದು ಗುತ್ಯಪ್ಪಂದು. ಹೊಯ್ಯಿ’ ಎಂದಳು. ಕೇಕೆ ಹಾಕುತ್ತಿದ್ದವರು ಕೈಮುಗಿದರು. ನೀರು ಮೂರು ದಂಬೆ ದಾಟಿ ಹೋಗುವವರೆಗೆ ಅವನು ಕೊಡವನ್ನು ಹಾಗೇ ಹಿಡಿದು ನಿಂತಿದ್ದ.

ಮಧ್ಯಾಹ್ನ ಜೀಪು ಬಂತು. ಕೈಗವಸು ಹಾಕಿಕೊಂಡ ಡಾಕ್ಟರು ಪರೀಕ್ಷೆಗೆ ಬೇಕಾದದ್ದನ್ನು ತೆಗೆದುಕೊಂಡು ಉಳಿದದ್ದನ್ನು ಅಲ್ಲೇ ಸುಟ್ಟರು. ನಾವು ದೂರದಿಂದಲೇ ಕಾಯಿ ಒಡೆದೆವು. ಭೂತಪ್ಪನಿಗೆ ಜ್ವರ ಬಂತು, ಹೇಳಿದಂತೆ ಆ ದಿನವೇ ಸಾಗರಕ್ಕೆ ಹೋದ, ಬದುಕಿ ಬಂದ. ಅವ್ವನಿಗೆ ಏನೂ ಆಗಲಿಲ್ಲ. ಎಲ್ಲ ದಂಬೆಯ ಮಹಿಮೆ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದ್ದರೆ ಜಟ್ಟಿಂಗಪ್ಪನೇ ಬೈಯುತ್ತಿದ್ದ.

ಆಮೇಲೆ ಹತ್ತು ವರ್ಷ ಅವನು ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದ. ಮೊದಲ ಎರಡು ಬೇಸಿಗೆ ನಾನೂ ಅವನ ಬಟ್ಟೆಯ ಕೋಲು ಹೊತ್ತುಕೊಂಡು ಜೊತೆಗೆ ಹೋದೆ. ಬಟ್ಟೆಯ ಮೇಲೆ ನಡೆಯುವ ಎಳ್ಳು ತೋರಿಸುವುದು, ಜನರಿಂದಲೇ ಎಂಟು ಕಾಲಿನ ಎಣಿಕೆ ಮಾಡಿಸುವುದು, ನಗಿಸುವುದು, ಕೇಳಿದ ಪ್ರಶ್ನೆಗೆ ಗೊತ್ತಿದ್ದರೆ ಉತ್ತರ, ಇಲ್ಲದಿದ್ದರೆ ‘ಗೊತ್ತಿಲ್ಲ, ಡಾಕ್ಟ್ರನ್ನ ಕೇಳ್ಕೊಂಡ್ ಬರ್ತೀನಿ’. ಮಂಗ ಸತ್ತ ಕಡೆ ಮೂರು ದಂಬೆ ಇಡಿಸುತ್ತಿದ್ದ, ಅದಕ್ಕಿಂತ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಎಲ್ಲಿ ಇಟ್ಟರೂ ಎರಡು ಕೊಡ ನೀರು. ಎರಡನೆಯದು ಯಾಕೆ ಎಂದು ಜನ ಕೇಳುತ್ತಿದ್ದರು. ಎಲ್ಲವನ್ನೂ ಬಿಡಿಸಿ ಹೇಳುವ ಆ ಮನುಷ್ಯ ಅದೊಂದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.